ಗಿರಿಜಮ್ಮನ ಪ್ರಶ್ನೆಗೆ ಕತ್ತರಿ

ಮೈಕ್ ಆಫ್ ಮಾಡುವ ಬಟನ್ ಎಲ್ಲಿದೆ ಎಂದು ಗೊತ್ತಿಲ್ಲದವನು ಚರ್ಚೆ ನಡೆಸಿಕೊಡಲು ಒಪ್ಪಬಾರದು. ನಾನು ಒಪ್ಪಿದೆ.

ಕಳೆದ ತಿಂಗಳು ಹೊಸನಗರದ ಒಂದು ಸಭಾಭವನದಲ್ಲಿ ಇಬ್ಬರು ರಾಜಕೀಯ ಎದುರಾಳಿಗಳ ನಡುವೆ ಒಂದೂಮುಕ್ಕಾಲು ತಾಸು ಕೂತಿದ್ದೆ. ಎದ್ದಾಗ ಗಂಟಲು ಒಣಗಿತ್ತು. ವಿಷಯ ಮಾತಾಡಿ ಅಲ್ಲ. "ದಯವಿಟ್ಟು, ದಯವಿಟ್ಟು" ಎಂದು ಅಂಗಲಾಚಿ.

ಇದಕ್ಕೆಲ್ಲ ಕಾರಣ ಸಹನಾ. ನಾನು ಸಾಗರದಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದಾಗಿನ ವಿದ್ಯಾರ್ಥಿನಿ, ಈಗ ಡಾಕ್ಯುಮೆಂಟರಿ ಮಾಡುತ್ತಾಳೆ. ಎರಡು ವರ್ಷದಿಂದ ಅವಳಿಗೆ ಒಂದೇ ಹುಚ್ಚು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಹಿಂದೆ ಎದುರಾಳಿಗಳು ಒಂದೇ ವೇದಿಕೆ ಹತ್ತಿ ವಾದ ಮಾಡುತ್ತಿದ್ದರಂತೆ. ಅದರ ಬಗ್ಗೆ ಚಿತ್ರ.

ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರ ಸಂದರ್ಶನ ತೋರಿಸಿದಳು. ಎಂಬತ್ತು ದಾಟಿದವರು. ಗೇಣಿ ಜಮೀನಿನ ಕುರಿತು ಸಂತೆ ಮೈದಾನದಲ್ಲಿ ಎದುರು ಪಕ್ಷದವನ ಜೊತೆ ವಾದಕ್ಕೆ ನಿಂತಿದ್ದವರು.

"ಅವ್ನು ಕಾನೂನಿನ ಪುಸ್ತಕ ತೆಗ್ದು ಓದೇ ಬಿಟ್ಟ. ನನ್ ಹತ್ರ ಉತ್ರ ಇರ್ಲಿಲ್ಲ. ಗೊತ್ತಿಲ್ಲ, ತಿಳ್ಕೊಂಡು ಬರ್ತೀನಿ ಅಂದೆ."

"ಜನ ಏನಂದ್ರು?"

"ಎಂತ ಅಂತಾರೆ? ನಕ್ರು. ಮುಂದಿನ ವಾರ ತಿಳ್ಕೊಂಡೇ ಹೋದೆ."

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಹನಾಗೆ ಚಿತ್ರದ ಕೊನೆಗೆ ಇವತ್ತಿನ ಚರ್ಚೆಯೂ ಬೇಕಿತ್ತು. "ಸರ್, ನೀವೇ ನಡೆಸಿಕೊಡಿ. ನಿಮ್ಮ ಲೇಖನ ಓದಿ ಓದಿ ನಿಮ್ಮನ್ನ ಕಂಡ್ರೆ ಎರಡು ಪಕ್ಷದವರಿಗೂ ಆಗಲ್ಲ" ಎಂದಳು. (ಹೊಗಳಿಕೆ ಎಂದೇ ತಿಳಿದುಕೊಂಡೆ.)

ಇಬ್ಬರನ್ನು ಕರೆದೆವು. ಒಬ್ಬರು ಆಡಳಿತ ಪಕ್ಷದವರು, ಇನ್ನೊಬ್ಬರು ವಿರೋಧ ಪಕ್ಷದವರು. ಹೆಸರು ಬೇಡ. ನೀವು ಹೇಗೂ ಊಹಿಸುತ್ತೀರಿ, ತಪ್ಪಾಗಿಯೇ ಊಹಿಸುತ್ತೀರಿ.

ಒಪ್ಪಿಸುವುದಕ್ಕೇ ಎರಡು ವಾರ ಹಿಡಿಯಿತು. ಒಬ್ಬರಿಗೆ ಪ್ರಶ್ನೆಗಳು ಮೊದಲೇ ವಾಟ್ಸಾಪ್‌ನಲ್ಲಿ ಬರಬೇಕು. ಇನ್ನೊಬ್ಬರಿಗೆ ಎದುರಾಳಿಯ ಕುರ್ಚಿ ತಮ್ಮದಕ್ಕಿಂತ ದೊಡ್ಡದಿರಬಾರದು. ಕೊನೆಯ ಮಾತು ಮಾತ್ರ ಇಬ್ಬರಿಗೂ ತಮ್ಮದೇ ಆಗಬೇಕು. ಚೀಟಿ ಎತ್ತಿದೆವು. ಮನೆಯಲ್ಲಿ ಮದುವೆ ಮಾಡುವುದು ಇದಕ್ಕಿಂತ ಸುಲಭ.

ವಿಷಯ: ಹಳ್ಳಿಗಳ ಆರೋಗ್ಯ ಸೇವೆ. ಸಭಾಭವನ ತುಂಬಿತ್ತು. ಎಡಗಡೆ ಇವರ ಜನ, ಬಲಗಡೆ ಅವರ ಜನ. ಹಿಂದಿನ ಎರಡು ಸಾಲಿನಲ್ಲಿ ಮಾತ್ರ ಸುಮ್ಮನೆ ಕೇಳಲು ಬಂದವರು. ಆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಗಿರಿಜಮ್ಮ. ರಿಪ್ಪನ್‌ಪೇಟೆ ಕಡೆಯ ಒಂದು ಹಳ್ಳಿಯವರು.

"ನನ್ ಸೊಸೇನ ಹೆರಿಗೆಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದ್ವಿ. ಆಯನೂರು ದಾಟೋಕೆ ಮುಂಚೆ ಆಂಬುಲೆನ್ಸಲ್ಲೇ ಆಗೋಯ್ತು. ದೇವ್ರು ದೊಡ್ಡೋನು, ಇಬ್ರೂ ಉಳ್ಕೊಂಡ್ರು. ನಮ್ ಕಡೆ ಆಸ್ಪತ್ರೇಲಿ ಹೆರಿಗೆ ಡಾಕ್ಟ್ರು ಇಲ್ದೆ ವರ್ಷದ ಮೇಲಾಯ್ತು. ಯಾವಾಗ ಬರ್ತಾರೆ? ಅಷ್ಟು ಹೇಳಿ ಸಾಕು."

ಆಡಳಿತ ಪಕ್ಷದವರು ಹಿಂದಿನ ಸರ್ಕಾರದಿಂದ ಶುರುಮಾಡಿದರು. ವಿರೋಧ ಪಕ್ಷದವರು ಅದಕ್ಕೂ ಹಿಂದಿನ ಸರ್ಕಾರಕ್ಕೆ ಹೋದರು. ಹೀಗೇ ಬಿಟ್ಟಿದ್ದರೆ ಕೆಳದಿ ಅರಸರ ಕಾಲಕ್ಕೆ ಮುಟ್ಟುತ್ತಿದ್ದರು. ಎಡಗಡೆಯವರು ಚಪ್ಪಾಳೆ ಹೊಡೆದರು. ಬಲಗಡೆಯವರು ಶಿಳ್ಳೆ ಹೊಡೆದರು. ಗಿರಿಜಮ್ಮ ನಿಂತೇ ಇದ್ದರು.

"ಡಾಕ್ಟ್ರು ಯಾವಾಗ ಬರ್ತಾರೆ ಅಂತ ಕೇಳಿದ್ದು" ಎಂದರು ಮತ್ತೆ.

ಈ ಸಲ ಇಬ್ಬರೂ ಒಟ್ಟಿಗೇ ಮಾತಾಡಿದರು. ನಾನು "ದಯವಿಟ್ಟು" ಎಂದೆ. ಕೈ ಮುಗಿದೆ. ಎದ್ದು ನಿಂತೆ. ಯಾರು ನಿಲ್ಲಿಸುತ್ತಾರೆ? ಗಿರಿಜಮ್ಮ ಮೂರನೇ ಸಲ ಬಾಯಿ ತೆರೆದಾಗ ನನಗೆ ತಾಳ್ಮೆ ತಪ್ಪಿತು. ಕೂಗಿಯೇ ಬಿಟ್ಟೆ. ಯಾರ ಮೇಲೆ ಗೊತ್ತೇ?

"ಕೂತ್ಕೊಳ್ಳಿ ಅಮ್ಮ. ಟೈಮ್ ಆಯ್ತು."

ಅವರು ಕೂತರು. ನನ್ನ ಮಾತು ಕೇಳಿದ್ದು ಆ ಸಭೆಯಲ್ಲಿ ಅವರೊಬ್ಬರೇ.

ಮರುದಿನವೇ ಫೋನ್. ಆಡಳಿತ ಪಕ್ಷದವರ ಆಪ್ತರು ಸಹನಾಗೆ ಮಾಡಿದರು. "ಚರ್ಚೆ ಚೆನ್ನಾಗಾಯ್ತು ಮೇಡಂ. ಆ ಹೆಂಗಸಿನ ಭಾಗ ಒಂದು ಬೇಡ. ವಿಷಯಾಂತರ ಆಗುತ್ತೆ." ಸಂಜೆ ವಿರೋಧ ಪಕ್ಷದವರೇ ಖುದ್ದಾಗಿ ಮಾಡಿದರು. ಅದೇ ಭಾಗ, ಅದೇ ಕಾರಣ. ವೇದಿಕೆಯ ಮೇಲೆ ಒಂದಕ್ಕೂ ಒಪ್ಪದ ಇಬ್ಬರು ಕೊನೆಗೂ ಒಂದಕ್ಕೆ ಒಪ್ಪಿದ್ದರು!

"ಎಷ್ಟು ನಾಚಿಕೆಗೇಡು" ಎಂದು ನಾನು ಕುದಿದೆ. ಒಂದು ಲೇಖನ ಬರೆದು ಇಬ್ಬರ ನೀರಿಳಿಸುತ್ತೇನೆ ಎಂದೂ ಹೇಳಿದೆ.

ಹೋದ ಭಾನುವಾರ ಸಹನಾ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಎಡಿಟ್ ಮಾಡಿದ ಕೊನೆಯ ಭಾಗ ಹಾಕಿದಳು. ನಾಯಕರಿಬ್ಬರೂ ಕೈ ಬೀಸುತ್ತಿದ್ದರು. ಅವರ ನಡುವೆ ಕೆಂಪೇರಿದ ಮುಖದ ಒಬ್ಬ ಮುದುಕ ಹಿಂದಿನ ಸಾಲಿಗೆ ಬೆರಳು ತೋರಿಸಿ ಗದರಿಸುತ್ತಿದ್ದ. ಕ್ಯಾಮೆರಾ ಗಿರಿಜಮ್ಮನ ಮುಖದ ಮೇಲೆ ನಿಂತಿತು. ಅವರು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೂತರು.

ಕಾಫಿ ಲೋಟ ಕೆಳಗಿಟ್ಟೆ. "ಪ್ರಶ್ನೆ ಇರಲಿ ಕಣಮ್ಮ" ಎಂದೆ. "ನಾನು ಗದರಿಸಿದ್ದು ಮಾತ್ರ... ಅಷ್ಟು ಬೇಕಾ? ಚಿತ್ರ ಉದ್ದ ಆಗಲ್ವಾ?"

ಸಹನಾ ನಗಲಿಲ್ಲ. "ಈಗ ಮೂರು ಜನ ಆದ್ರಿ ಸರ್" ಎಂದಳು.

ಆ ದೃಶ್ಯ ಚಿತ್ರದಲ್ಲಿ ಉಳಿದಿದೆ. ಒಂದು ಸೆಕೆಂಡೂ ಕತ್ತರಿಸಿಲ್ಲ. ಹೊಸನಗರದಲ್ಲೇ ಮೊದಲ ಪ್ರದರ್ಶನವಂತೆ. ನಾಯಕರಿಬ್ಬರಿಗೂ ಅವತ್ತು ಬೇರೆ ಕಾರ್ಯಕ್ರಮವಿದೆಯಂತೆ. ನಾನು ಹೋಗುತ್ತೇನೆ, ತಪ್ಪಿಸಿಕೊಳ್ಳುವ ಮುಖ ಉಳಿದಿಲ್ಲ. ಡಾಕ್ಟರ್ ಇನ್ನೂ ಬಂದಿಲ್ಲ.

ಮೊನ್ನೆ ಗಿರಿಜಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆ ಕಡೆಯಿಂದ ಮಗು ಅಳುವ ಸದ್ದು ಕೇಳುತ್ತಿತ್ತು.

"ಅಯ್ಯೋ, ನೀವು ಕೂರು ಅಂದ್ರಿ ಅಂತ ಕೂತಿದ್ದಲ್ಲ ಮಾಸ್ಟ್ರೇ" ಎಂದರು. "ನಿಂತು ನಿಂತು ಮಂಡಿ ನೋಯ್ತಿತ್ತು."

ಪ್ರಶ್ನೆ ಕೇಳಿದವರ ಕಾಲು ಸೋಲುವ ತನಕ ಮಾತಾಡುವುದಕ್ಕೆ ಚರ್ಚೆ ಎಂದು ಹೆಸರಿಟ್ಟವರು ಯಾರು?