ರೋಗಿಗೆ ತಂದ ಬ್ರೆಡ್ಡು

ಬ್ರೆಡ್ಡಿನ ಪ್ಯಾಕೆಟ್ಟು ಹಿಡಿದುಕೊಂಡು ರಸ್ತೆಯಲ್ಲಿ ಹೋಗುವವರನ್ನು ನೋಡಿದರೆ ಸಾಕು, ಅವರು ತಮ್ಮ ಮನೆಗೆ ಹೋಗುತ್ತಿದ್ದಾರೋ ಇನ್ನೊಬ್ಬರ ಮನೆಗೆ ಹೋಗುತ್ತಿದ್ದಾರೋ ಎಂದು ನಾನು ಹೇಳಬಲ್ಲೆ. ತಮ್ಮ ಮನೆಗೆ ಹೋಗುವವರು ಅದನ್ನು ಸೊಪ್ಪು, ಟೊಮೆಟೊ ಜೊತೆ ಚೀಲಕ್ಕೆ ತುರುಕಿರುತ್ತಾರೆ. ಕಾಯಿಲೆ ಬಿದ್ದವರನ್ನು ನೋಡಲು ಹೊರಟವರು ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ಮುಖವನ್ನು ಒಂದು ಗೇಣು ಇಳಿಬಿಟ್ಟುಕೊಂಡು, ಬಾಗಿಲ ಹತ್ತಿರ ಬರುವ ಮೊದಲೇ ನಿಟ್ಟುಸಿರು ಬಿಡಲು ಶುರು ಮಾಡಿರುತ್ತಾರೆ. ನೀವು ಬೇಕಾದರೆ ನಾಳೆ ನಿಮ್ಮ ಬೀದಿಯಲ್ಲಿ ನಿಂತು ನೋಡಿ.

ನಮ್ಮ ಕಡೆಯ ಪದ್ಧತಿಯೇ ಹಾಗೆ. ನಾನು ತಣಿಸಂದ್ರಕ್ಕೆ ಸೊಸೆಯಾಗಿ ಬಂದಾಗ ಇಲ್ಲಿ ರಾಗಿ ಹೊಲಗಳಿದ್ದವು, ನಡುವೆ ಅವರೆ ಸಾಲು. ಬ್ರೆಡ್ಡು ಬೇಕೆಂದರೆ ಹೆಬ್ಬಾಳದ ತನಕ ಹೋಗಬೇಕಿತ್ತು. ಯಾರಿಗಾದರೂ ಜ್ವರ ಬಂದು ಮೂರು ದಿನ ದಾಟಿದರೆ ಮಾತ್ರ ಮನೆಯ ಗಂಡಸೊಬ್ಬರು ಸೈಕಲ್ಲು ತುಳಿದು ಹೋಗಿ ತರುತ್ತಿದ್ದರು. ಬಿಸಿ ಹಾಲಿಗೆ ಅದ್ದಿ ರೋಗಿಗೆ ತಿನ್ನಿಸುವುದು, ಉಳಿದವರು ಸುತ್ತ ಕೂತು ನೋಡುವುದು. ಮುದ್ದೆ ತಿನ್ನುವವರು ಗಟ್ಟಿಯವರು, ಬ್ರೆಡ್ಡು ತಿನ್ನುವವರು ಮಲಗಿದವರು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಈಗ ಹೊಲಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ನಮ್ಮ ಬೀದಿಯೊಂದರಲ್ಲೇ ಮೂರು ಬೇಕರಿಗಳಿವೆ, ಕಲ್ಲಿನಂಥ ಆರೋಗ್ಯದ ಹುಡುಗರು ಹುಡುಗಿಯರು ಬೆಳಿಗ್ಗೆ ಎದ್ದು ಯಾರ ಬಲವಂತವೂ ಇಲ್ಲದೆ ಬ್ರೆಡ್ಡು ತಿಂದು ಕೆಲಸಕ್ಕೆ ಹೋಗುತ್ತಾರೆ. ಆದರೂ ರೋಗಿಯ ಮನೆಗೆ ಬ್ರೆಡ್ಡು ಒಯ್ಯುವುದನ್ನು ನಾವು ಬಿಟ್ಟಿಲ್ಲ. ಮಲಗಿದವರಿಗೆ ಏನು ಸೇರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ. ನಾನು ಒಯ್ದ ಬ್ರೆಡ್ಡುಗಳನ್ನೆಲ್ಲ ಯಾರು ತಿಂದರು, ತಿಂದರೋ ಇಲ್ಲವೋ, ಇವತ್ತಿನವರೆಗೆ ನನಗೆ ಗೊತ್ತಿಲ್ಲ.

ಒಯ್ದ ಬ್ರೆಡ್ಡು ಏನಾಗುತ್ತದೆ ಎಂದು ಕಣ್ಣಾರೆ ಕಂಡದ್ದು ನನ್ನ ಓರಗಿತ್ತಿ ರತ್ನಮ್ಮನಿಗೆ ಪಿತ್ತಕೋಶದ ಆಪರೇಷನ್ ಆದಾಗ. ರತ್ನ ನನ್ನ ಮೈದುನನ ಹೆಂಡತಿ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಅಂಗಳ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಿ ನನಗಿಂತ ನಾಲ್ಕು ಪಟ್ಟು ದೊಡ್ಡದು. ಅವಳು ಆಸ್ಪತ್ರೆಯಿಂದ ಬಂದ ಮೊದಲ ದಿನವೇ ಮೂರು ಪ್ಯಾಕೆಟ್ಟು ಬ್ರೆಡ್ಡು ಬಂತು. ಮಾಕಳಿಯ ಬೀಗರು ಎರಡು ತಂದರು, ನಾಗಸಂದ್ರದಿಂದ ಬಂದ ಅವಳ ಅಣ್ಣ ಮೆಟ್ರೋದಲ್ಲಿ ಜನರ ನಡುವೆ ಅಪ್ಪಚ್ಚಿಯಾದ ಒಂದನ್ನು ತಂದ. ವಾರ ಕಳೆಯುವುದರಲ್ಲಿ ಹನ್ನೊಂದು ಪ್ಯಾಕೆಟ್ಟುಗಳು ಅವಳ ಮಂಚದ ಪಕ್ಕದ ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ರತ್ನ ಮಾತ್ರ ಬಾಯಿ ತೆರೆಯಲಿಲ್ಲ. ಗಂಜಿ ಕೊಟ್ಟರೆ ಎರಡು ಚಮಚ, ಮೂರನೆಯದಕ್ಕೆ ಮುಖ ಗೋಡೆಯ ಕಡೆಗೆ. ಸೀರೆ ಉಡಿಸಿದರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಗುರುವಾರ ಡಾಕ್ಟರಿಗೆ ತೋರಿಸಿದೆವು. ಅವರು ಒಳ್ಳೆಯ ಮನುಷ್ಯ, ಮಾತು ಕಡಿಮೆ.

"ಹೊಲಿಗೆ ಚೆನ್ನಾಗಿ ಕೂಡಿದೆ, ಹೊಟ್ಟೆ ಸರಿ ಇದೆ. ತಿನ್ನದೇ ಇರೋದೇ ಈಗ ಕಾಯಿಲೆ. ಸೋಮವಾರ ಕರ್ಕೊಂಡ್ ಬನ್ನಿ. ಅಷ್ಟರಲ್ಲಿ ತಿನ್ನೋಕೆ ಶುರು ಮಾಡ್ಲಿಲ್ಲ ಅಂದ್ರೆ ಮತ್ತೆ ಅಡ್ಮಿಟ್ ಮಾಡಿ ಮೂಗಿಂದ ನಳಿಕೆ ಹಾಕ್ಬೇಕಾಗುತ್ತೆ" ಎಂದರು.

ಮನೆಗೆ ಬಂದ ಮೇಲೆ ನಾನು ಸುತ್ತಿಬಳಸದೆ ಕೇಳಿದೆ. "ಯಾಕೆ ತಿನ್ನಲ್ಲ ಯೋಳು. ಸಾಯ್ಬೇಕು ಅಂತ ಇದೀಯಾ?"

ರತ್ನ ಕಿಟಕಿಯ ಕಡೆ ಕೈ ತೋರಿಸಿದಳು. "ನಮ್ಮತ್ತೆ ಕೊನೇಗೆ ತಿಂದಿದ್ದು ಅದೇ ಅಲ್ವೇನಕ್ಕ. ನೀನೇ ಆಲಲ್ಲಿ ಅದ್ದಿ ಕೊಟ್ಟೆ. ನಾನ್ ಬಾಯ್ ಒರಸ್ದೆ. ಈಗ ಬಂದೋರೆಲ್ಲಾ ನಂಗೆ ಅದ್ನೇ ತಂದ್ ಕೊಡ್ತಾವ್ರೆ. ಅವ್ರಿಗೆಲ್ಲಾ ಗೊತ್ತಾಗೈತೆ, ನಂಗೊಬ್ಳಿಗೆ ಯೋಳಿಲ್ಲ ಅಷ್ಟೇ."

"ಅತ್ತೆಗೆ ತೊಂಬತ್ತಾಗಿತ್ತು ಕಣೇ. ನಿಂಗೆ ಅರವತ್ತಾರು."

"ಅದೇನು ವಯಸ್ಸು ಕೇಳ್ಕೊಂಡ್ ಬತ್ತದಾ?"

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಇರುವ ಹನ್ನೊಂದು ಪ್ಯಾಕೆಟ್ಟುಗಳನ್ನೂ ಮಡಿಲಿಗೆ ತುಂಬಿಕೊಂಡು ನನ್ನ ಮನೆಗೆ ಬಂದೆ. ಕಣ್ಣ ಮುಂದಿನಿಂದ ತೆಗೆದರೆ ಮನಸ್ಸಿನಿಂದಲೂ ಹೋದೀತು ಎಂದು ನನ್ನ ಲೆಕ್ಕಾಚಾರ. ಹೋಗಲಿಲ್ಲ. ಬ್ರೆಡ್ಡು ಮಾತ್ರ ಅವಳ ಮನೆಯಿಂದ ನನ್ನ ಮನೆಗೆ ಬಂದು ಕೂತಿತು.

ಹಳೆಯದನ್ನು ಎಸೆಯುವ ಅಭ್ಯಾಸ ನನ್ನ ಕೈಗಿಲ್ಲ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ಕಡಿದುಕೊಂಡು ಕುಡಿದರೆ ಬಿಸಿ ಮುದ್ದೆ ಪಕ್ಕಕ್ಕೆ ಸರಿಯಬೇಕು. ಉಳಿದ ಅನ್ನ ಚಿತ್ರಾನ್ನವಾಗುತ್ತದೆ, ಉಳಿದ ಇಡ್ಲಿ ಉಪ್ಪಿಟ್ಟಾಗುತ್ತದೆ, ಉಳಿದ ಸಾರು ಕುದಿಸಿದಷ್ಟೂ ಜಾಣವಾಗುತ್ತದೆ. ಹೀಗೆ ಒಂದು ಜನ್ಮವಿಡೀ ನಿನ್ನೆಯದನ್ನು ಇವತ್ತಿಗೆ ದಾಟಿಸಿದ ನನಗೆ ಈ ಬ್ರೆಡ್ಡು ಮಾತ್ರ ಬಗ್ಗಲಿಲ್ಲ. ಎರಡು ಹೊತ್ತು ಅದರ ಉಪ್ಪಿಟ್ಟು ಮಾಡಿದೆ. ಮೂರನೆಯ ಹೊತ್ತಿಗೆ ನನ್ನ ಮಗ ತಟ್ಟೆ ನೋಡಿ, "ಅಮ್ಮ, ನಮಗ್ಯಾರಿಗೂ ಜ್ವರ ಬಂದಿಲ್ಲ" ಎಂದು ಎದ್ದು ಹೋದ.

ಆಗ ನನ್ನ ಸೊಸೆ ಪವಿತ್ರಾ ಮುಂದೆ ಬಂದಳು. ಅವಳು ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಹೇಳುವಂತೆಯೇ ನಮಗೂ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾಳೆ. ಒಣಗಿದ ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಓವನ್ನಿನಲ್ಲಿ ಬೇಯಿಸಿ ಸಿಹಿ ತಿಂಡಿ ಮಾಡುವುದನ್ನು ಫೋನಿನಲ್ಲಿ ನೋಡಿದ್ದಳಂತೆ. ಓವನ್ನು ನಮ್ಮ ಮನೆಯಲ್ಲಿ ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಕೊರೊನಾ ಕಾಲದಲ್ಲಿ ತರಿಸಿ, ಎರಡು ಕೇಕು ಮಾಡಿ, ಆಮೇಲೆ ಅದರೊಳಗೆ ನಾನು ಸಂಡಿಗೆ ಡಬ್ಬಿ ಇಡುತ್ತಿದ್ದೆ. ಇರುವೆ ಬರುವುದಿಲ್ಲ, ಬಹಳ ಒಳ್ಳೆಯ ಕಪಾಟು. ಶುಕ್ರವಾರ ಸಂಜೆ ಅವಳು ಬ್ರೆಡ್ಡನ್ನು ತುಂಡು ಮಾಡಿ ದೊಡ್ಡ ಗಾಜಿನ ಪಾತ್ರೆಗೆ ಹಾಕಿ, ಮೇಲೆ ಹಾಲು, ಸಕ್ಕರೆ, ಕಸ್ಟರ್ಡ್ ಪುಡಿ ಕಲಸಿ ಸುರಿದು ಫ್ರಿಜ್ಜಿನಲ್ಲಿಟ್ಟಳು. ಬೆಳಗಿನ ತನಕ ನೆನೆಯಬೇಕು ಎಂದು ನನಗೆ ಹೇಳಿದಳಂತೆ, ಎರಡು ಸಲ. ನಾನು ಆಗ ಧಾರಾವಾಹಿ ನೋಡುತ್ತಿದ್ದೆ.

ನಮ್ಮ ಹಿಂದಿನ ಬೀದಿಯಲ್ಲಿ ಮುನಿಯಮ್ಮ ಇನ್ನೂ ಎರಡು ಹಸು ಕಟ್ಟಿದ್ದಾಳೆ. ಅಪಾರ್ಟ್‌ಮೆಂಟುಗಳ ನಡುವೆ ಅವೆರಡೇ ಈಗ ಊರು ಎಂದು ಹೇಳಿಕೊಳ್ಳಲು ಉಳಿದಿರುವುದು. ಅವಳು ದಿನಾ ಬೆಳಕು ಹರಿಯುವಾಗ ಬಂದು ಪ್ರತಿ ಮನೆಯ ಗೇಟಿನಲ್ಲಿಟ್ಟ ಕಲಗಚ್ಚಿನ ಬಕೇಟು ಎತ್ತಿಕೊಂಡು ಹೋಗುತ್ತಾಳೆ: ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ, ಎಲ್ಲ ಅದರೊಳಗೆ. ಶನಿವಾರ ನಾನು ಎಂದಿನಂತೆ ಐದಕ್ಕೆ ಎದ್ದು ಫ್ರಿಜ್ಜು ತೆಗೆದರೆ ಕಂಡದ್ದೇನು? ನೆನೆದು ಊದಿದ ಹಳೆ ಬ್ರೆಡ್ಡು, ಮೇಲೆ ಹಳದಿ ತಿರುಗಿದ ಹಾಲು. ಇಷ್ಟು ಓದಿದ ಹುಡುಗಿ ಕೆಟ್ಟ ಹಾಲನ್ನು ಫ್ರಿಜ್ಜಿನಲ್ಲಿಟ್ಟಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ಒಂದು ಚೂರೂ ಬಿಡದಂತೆ ಬಕೇಟಿಗೆ ಬಳಿದು, ಪಾತ್ರೆಯನ್ನು ತೊಳೆದು ಬೋರಲು ಹಾಕಿದೆ. ಮನೆಗೆಲ್ಲ ಉಪಕಾರ ಮಾಡಿದವಳಂತೆ ಕಾಫಿ ಕುಡಿದೆ.

"ಅತ್ತೆ, ಫ್ರಿಜ್ಜಲ್ಲಿದ್ದ ಗಾಜಿನ ಪಾತ್ರೆ ಎಲ್ಲಿ?" ಪವಿತ್ರಾ ಎದ್ದು ಬಂದು ಕೇಳಿದಳು.

"ತೊಳೆದಿಟ್ಟಿದೀನಿ."

"ತೊಳೆದ್ರಾ? ಅದರೊಳಗೆ ಇದ್ದಿದ್ದು?"

"ಮುನಿಯಮ್ಮನ ಅಸುಗೆ ಆಕ್ದೆ."

ಅವಳು ಬೋರಲು ಹಾಕಿದ್ದ ಪಾತ್ರೆಯನ್ನು ಎತ್ತಿ ನೋಡಿದಳು. "ಅದು ಚಿಕ್ಕತ್ತೆಗೆ ತಿಂಡಿ ಅತ್ತೆ."

"ತಿಂಡಿ ಅಂದ್ರೆ ಒಂದ್ ಚೀಟಿ ಅಂಟಿಸ್ಬೇಕಿತ್ತು."

"ಅಂಟಿಸಿದ್ರೆ ಓದ್ತಿದ್ರಾ, ಕನ್ನಡಕ ಇಲ್ದೆ?"

ತಪ್ಪು ನನ್ನದು ಎಂದು ಒಪ್ಪಿಕೊಳ್ಳುವುದು ನನಗೆ ಯಾವಾಗಲೂ ನಿಧಾನವಾಗಿ ಬರುತ್ತದೆ. ಅಷ್ಟರಲ್ಲಿ ಮುನಿಯಮ್ಮ ಖಾಲಿ ಬಕೇಟು ಇಡಲು ಬಂದಳು. "ಏನ್ ಆಕಿದ್ರಿ ಅಕ್ಕ ಇವತ್ತು? ಅಸು ಬಕೇಟು ಉರುಳಿಸ್ಕೊಂಡು ನೆಕ್ತು. ಎಳ್ಕೊಳಾಕ್ ಓದ್ರೆ ನನ್ನೇ ಕೊಂಬಲ್ಲಿ ಆಯಾಕ್ ಬತ್ತು" ಎಂದಳು. ಪವಿತ್ರಾಳಿಗೆ ನಗು ಬಂತು. ನನಗೂ ಧೈರ್ಯ ಬಂತು. ಪಶುವಿಗೆ ಸುಳ್ಳು ಹೇಳಲು ಬರುವುದಿಲ್ಲ, ದಾಕ್ಷಿಣ್ಯವೂ ಇಲ್ಲ. ಅದಕ್ಕೆ ಇಷ್ಟು ಸೇರಿದ ಮೇಲೆ ಅಡುಗೆಯಲ್ಲಿ ತಪ್ಪಿಲ್ಲ ಎಂದಾಯಿತು. ಉಳಿದಿರುವುದು ಎರಡೇ ದಿನ. ಬ್ರೆಡ್ಡು ಇನ್ನೂ ಏಳು ಪ್ಯಾಕೆಟ್ಟಿತ್ತು.

ಕಸ್ಟರ್ಡ್ ಪುಡಿ ಹಸುವಿನ ಹೊಟ್ಟೆ ಸೇರಿತ್ತು, ಶನಿವಾರವಾದ್ದರಿಂದ ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಕೈಗೆ ಸಿಕ್ಕಿದ್ದು ಎರಡು ಕಳಿತ ಬಾಳೆಹಣ್ಣು, ಬೆಲ್ಲ, ಏಲಕ್ಕಿ. ಪವಿತ್ರಾ ಬೆಲ್ಲವನ್ನು ಬಿಸಿ ಹಾಲಿಗೆ ಹಾಕಲು ಹೋದಳು, ಕೈ ಹಿಡಿದೆ. ಹಾಲು ಒಡೆದುಹೋಗುತ್ತದೆ ಎಂದು ಫೋನಿನಲ್ಲಿ ಯಾರೂ ಹೇಳಿರಲಿಲ್ಲವಂತೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಕಲ್ಲು ಕಸ ಸೋಸಿ, ಹಾಲನ್ನೂ ಅದನ್ನೂ ಬೇರೆಬೇರೆಯಾಗಿ ಆರಿಸಿ, ಆಮೇಲೆ ಬೆರೆಸಿದೆ. ಬಾಳೆಹಣ್ಣು ಕಿವುಚಿ ಹಾಕಿದೆ. ಪಾತ್ರೆಗೆ ತುಪ್ಪ ಸವರಿ ಬ್ರೆಡ್ಡು ಜೋಡಿಸಿದೆವು.

"ಬೆಳಗಿನ ತನಕ ನೆನೀಬೇಕು ಅತ್ತೆ."

"ಇದು ಎಷ್ಟು ಒಣಗೈತೆ ನೋಡು. ಅರ್ಧ ಗಂಟೆ ಸಾಕು."

ಹಾಲು ಸುರಿಯುತ್ತಿದ್ದಂತೆ ಅದು ಒಳಗೆ ಇಳಿಯಿತು, ಮತ್ತೆ ಸುರಿದರೆ ಮತ್ತೆ ಇಳಿಯಿತು. ಅವತ್ತೇ ಯಾರೋ ರತ್ನನಿಗೆಂದು ಕೊಟ್ಟುಹೋಗಿದ್ದ ಮೆತ್ತನೆಯ ಒಂದು ಪ್ಯಾಕೆಟ್ಟನ್ನೂ ಒಂದು ಮೂಲೆಗೆ ಇಟ್ಟಿದ್ದೆವು. ಅದು ಸ್ವಲ್ಪ ಹೊತ್ತಿಗೇ ಕರಗಿ ಗಂಜಿಯಾಯಿತು. ಒಣಗಿದ್ದು ಮಾತ್ರ ಎರಡರಷ್ಟು ಹಾಲು ಕುಡಿದೂ ಆಕಾರ ಬಿಡದೆ ಕೂತಿತ್ತು. ಪವಿತ್ರಾ ಅದನ್ನು ನೋಡಿ, ಇದರಲ್ಲಿ ವಯಸ್ಸಾದವರ ಬಗ್ಗೆ ಏನೋ ಒಂದು ಒಳ್ಳೆಯ ಮಾತಿದೆ ಎಂದಳು. ನಾನು, ಮೊದಲು ಓವನ್ನಿನಿಂದ ಸಂಡಿಗೆ ಡಬ್ಬಿ ತೆಗಿ ಎಂದೆ. ಆದರೂ ಆ ಮಾತನ್ನು ಇಲ್ಲಿ ಬರೆದಿದ್ದೇನೆ, ನೀವು ನೋಡಿಕೊಳ್ಳಿ.

ಮುಕ್ಕಾಲು ಗಂಟೆ ಬೆಂದಿತು. ಮೇಲೆ ಕೆಂಪಗೆ ತೊಗಟೆ ಕಟ್ಟಿತು, ಅಂಚಿನಲ್ಲಿ ಬೆಲ್ಲ ಗುಳುಗುಳು ಕುದಿಯಿತು, ಏಲಕ್ಕಿಯ ವಾಸನೆ ಅಂಗಳ ದಾಟಿತು. ಗೋಡೆಯ ಆ ಕಡೆಯಿಂದ ರತ್ನನ ಧ್ವನಿ ಕೇಳಿತು.

"ಅಕ್ಕ, ಏನದು ಘಮಘಮ ಅಂತೈತೆ? ಯಾರಾನಾ ಬಂದವ್ರಾ?"

ಊಟದ ಸುದ್ದಿಯನ್ನು ಅವಳಾಗಿ ಕೇಳಿ ಎಷ್ಟು ದಿನವಾಗಿತ್ತೋ. ನಾನು ತಟ್ಟೆಗೆ ಒಂದು ತುಂಡು ಹಾಕಿಕೊಂಡು ಹೋದೆ. ಅವಳು ಎದ್ದು ಕೂತು ಒಂದು ಚಮಚ ಬಾಯಿಗಿಟ್ಟಳು, ಇನ್ನೊಂದು ಇಟ್ಟಳು. ಮೂರನೆಯದನ್ನು ಎತ್ತಿದವಳು ಚಮಚವನ್ನು ತಿರುಗಿಸಿ ನೋಡಿದಳು.

"ಇದು ಬ್ರೆಡ್ಡಲ್ವಾ?"

ಹಿಂದಿದ್ದ ಪವಿತ್ರಾ ನನ್ನ ಸೆರಗು ಜಗ್ಗಿದಳು, ಸುಳ್ಳು ಹೇಳಲಿ ಎಂದು. ನನಗೆ ಅದು ಬರುವುದಿಲ್ಲ.

"ಊಂ. ನಿಂಗೆ ತಂದಿದ್ದೇ."

ಚಮಚ ತಟ್ಟೆಗೆ ಇಳಿಯಿತು. ಅವಳ ಮುಖ ಗೋಡೆಯ ಕಡೆ ಹೊರಳತೊಡಗಿತು. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಭಯವೂ ಆಯಿತು.

"ತಿರುಗ್ಬೇಡ, ಕೇಳು. ಅತ್ತೆಗೆ ಕೊಟ್ಟಿದ್ದು ಬ್ರೆಡ್ಡು. ಇದು ತಿಂಡಿ. ನೆನ್ನೆ ಮಾಡಿಟ್ಟಿದ್ನ ನಾನು ಬೆಳಿಗ್ಗೆ ಕಲಗಚ್ಚು ಅಂತ ಮುನಿಯಮ್ಮನ ಅಸುಗೆ ಆಕ್ಬಿಟ್ಟೆ. ಅದು ಬಕೇಟ್ ಸಮೇತ ನುಂಗಾಕ್ ಓಗಿತ್ತಂತೆ. ನಿಂಗ್ ಬ್ಯಾಡ ಅಂದ್ರೆ ಯೋಳ್ಬಿಡು, ಅದು ಅಲ್ಲಿ ಕಾಯ್ತಾ ಐತೆ."

ರತ್ನ ನನ್ನನ್ನೇ ನೋಡಿದಳು. "ನಂಗೆ ಮಾಡಿದ್ನ ಅಸುಗೆ ಆಕ್ದಾ?"

"ಊಂ."

"ಕನ್ನಡಕ ಆಕಿರ್ಲಿಲ್ವಾ?"

"ಇಲ್ಲ."

ಮೊದಲು ಅವಳ ಭುಜ ಕುಲುಕಿತು, ಆಮೇಲೆ ಹೊಟ್ಟೆ. ಎರಡೂ ಕೈಯಲ್ಲಿ ಹೊಲಿಗೆ ಒತ್ತಿ ಹಿಡಿದುಕೊಂಡು, "ನಗಿಸ್ಬೇಡ ಕಣಕ್ಕ, ನೋಯ್ತದೆ" ಎನ್ನುತ್ತ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ನಗಲಿಲ್ಲ, ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಉಸಿರು ಹತೋಟಿಗೆ ಬಂದ ಮೇಲೆ ಅವಳು ಚಮಚ ಎತ್ತಿಕೊಂಡು, ಬೆಲ್ಲ ಜಾಸ್ತಿ ಆಗಿದೆ, ಏಲಕ್ಕಿ ಸಿಪ್ಪೆ ಹಲ್ಲಿಗೆ ಸಿಗುತ್ತಿದೆ, ತುಪ್ಪಕ್ಕೆ ಕೈ ಹಿಡಿದಿದ್ದೀಯ ಎಂದು ಒಂದೊಂದು ಚಮಚಕ್ಕೂ ಒಂದೊಂದು ತಪ್ಪು ತೆಗೆಯುತ್ತ ತಟ್ಟೆ ಬಳಿದಳು. ನಲವತ್ತು ವರ್ಷದಿಂದ ನನ್ನ ಅಡುಗೆಗೆ ಅವಳು ಇಡುತ್ತ ಬಂದ ಹೆಸರುಗಳನ್ನೆಲ್ಲ ಸಹಿಸಿದ್ದೇನೆ. ಅವತ್ತು ಮಾತ್ರ ಇನ್ನೂ ಹತ್ತು ಹೇಳಲಿ ಎಂದುಕೊಂಡು ಕೇಳಿದೆ.

ಸೋಮವಾರ ಆಟೋದಲ್ಲಿ ಹೆಬ್ಬಾಳಕ್ಕೆ ಹೋದೆವು. ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಅಷ್ಟೇನೂ ಮೇಲೆ ಹೋಗಿರಲಿಲ್ಲ, ಆದರೆ ಕೆಳಗೂ ಇಳಿದಿರಲಿಲ್ಲ. ಅವರು ಕುರ್ಚಿಗೆ ಒರಗಿ, "ಏನಮ್ಮ, ಏನಾದ್ರೂ ತಿಂದ್ರಾ?" ಎಂದು ಕೇಳಿದರು.

"ನಮ್ಮಕ್ಕ ಏನೋ ಮಾಡಿದ್ಲು ಸಾರ್" ಎಂದಳು ರತ್ನ. "ಚೆನ್ನಾಗಿರ್ಲಿಲ್ಲ. ಶನಿವಾರ ಎರಡ್ ಸಲ ತಿಂದೆ, ನೆನ್ನೆ ಮೂರ್ ಸಲ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕರುಳಿನ ಚಿತ್ರವನ್ನು ಗಮನವಿಟ್ಟು ನೋಡುತ್ತಿದ್ದೆ. ಅವರು ಅಡ್ಮಿಷನ್ ಚೀಟಿಯನ್ನು ಪಕ್ಕಕ್ಕೆ ಸರಿಸಿ, ಒಂದು ತಿಂಗಳು ಬಿಟ್ಟು ಬಂದರೆ ಸಾಕು ಎಂದರು.

ವಾಪಸು ಬರುವಾಗ ನಾಗವಾರದ ಸಿಗ್ನಲ್ಲಿನಲ್ಲಿ ಆಟೋ ಬಹಳ ಹೊತ್ತು ನಿಂತಿತು. ರತ್ನ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿಕೊಂಡು, ರಸ್ತೆಯನ್ನೇ ನೋಡುತ್ತ ಹೇಳಿದಳು:

"ನಾಳೆ ಬೆಲ್ಲ ನಾನ್ ಆಕ್ತೀನಿ. ನೀನು ಪಾತ್ರೆ ಇಡ್ಕೊಂಡ್ ನಿಂತ್ಕೊ, ಸಾಕು."