ಅತ್ತೆ ಕಾಶಿಯಲ್ಲಿ ಬಿಟ್ಟು ಬಂದ ರೈಲು

ಅತ್ತೆಯ ಎಡಗಣ್ಣಿನ ಕೆಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ನೀಲಿಗಪ್ಪು ಚುಕ್ಕೆ ಇತ್ತು. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಹೊಸತರಲ್ಲಿ ನಾನು ಅದನ್ನು ಹಚ್ಚೆ ಎಂದುಕೊಂಡಿದ್ದೆ. ಒಂದು ದಿನ ಅವರ ತಲೆಗೆ ಹರಳೆಣ್ಣೆ ಹಚ್ಚುತ್ತಾ ಕೇಳಿಯೇಬಿಟ್ಟೆ.

"ಅಚ್ಚೆಯಲ್ಲ ಕಣವ್ವ, ರೈಲಿಂದು," ಎಂದರು.

ಕಿಟಕಿಯಾಚೆ ಮುಖ ಇಟ್ಟುಕೊಂಡು ಹೋಗುತ್ತಿದ್ದಾಗ ಎಂಜಿನ್ನಿನಿಂದ ಹಾರಿಬಂದ ಕಿಡಿಯೊಂದು ಕೆನ್ನೆಯ ಮೇಲೆ ಕೂತು, ಗಾಯ ಒಣಗಿದ ಮೇಲೂ ಅದರ ಮಸಿ ಚರ್ಮದೊಳಗೇ ಉಳಿದುಬಿಟ್ಟಿತ್ತಂತೆ. "ಕಣ್ಣಿಗೇ ಬಿದ್ದಿದ್ದರೆ ಏನು ಮಾಡುತ್ತಿದ್ದಿರಿ?" ಎಂದೆ. "ಇನ್ನೊಂದಿತ್ತಲ್ಲ," ಎಂದರು.

ಅವರು ನನ್ನ ಗಂಡನಿಗೂ ಅತ್ತೆ, ನನಗೂ ಅತ್ತೆ. ಮಾವನವರ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಹಿಂದಿರುಗಿದವರು. ಸ್ವಲ್ಪ ದಿನಕ್ಕೇ ಅಣ್ಣನ ಹೆಂಡತಿ ತೀರಿಕೊಂಡರು. ತೊಟ್ಟಿಲಲ್ಲಿದ್ದ ಕೂಸನ್ನು ಅತ್ತೆ ಎತ್ತಿಕೊಂಡರು. ಆ ಕೂಸೇ ಮುಂದೆ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರಾಗಿ, ನನ್ನ ಯಜಮಾನರಾದರು. ನಮ್ಮ ಗದ್ದೆ ಊರಾಚೆ, ರೈಲು ಕಂಬಿಯ ಪಕ್ಕದಲ್ಲೇ ಇತ್ತು. ನಾಟಿಯಲ್ಲಿ ಸೊಂಟ ಬಗ್ಗಿಸಿದ ಹೆಣ್ಣಾಳುಗಳು ರೈಲಿನ ಸದ್ದಿಗೆ ತಲೆ ಎತ್ತುವ ಮೊದಲೇ ಅತ್ತೆ ಬದುವಿನ ಮೇಲೆ ಹೋಗಿ ನಿಂತಿರುತ್ತಿದ್ದರು.

ಅರಕಲಗೂಡಿನಿಂದ ಬಂದ ನನಗೆ ರೈಲು ಅಷ್ಟು ಬಳಕೆಯಿಲ್ಲ. ನಮ್ಮೂರಿಗೆ ಬಸ್ಸೇ ಗತಿ. ಹಾಸನದ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ದೂರದಿಂದ ಕೂಗು ಕೇಳುತ್ತಿತ್ತು, ಅಷ್ಟೆ. ಅತ್ತೆಗಾದರೋ ಅದು ತವರಿದ್ದ ಹಾಗೆ. ಮೊದಲೆಲ್ಲ ಸುಮ್ಮಸುಮ್ಮನೆ ಹಾಸನದ ಸಂತೆಗೆ ಹೊರಟುಬಿಡುತ್ತಿದ್ದರಂತೆ. ಹಿತ್ತಲಲ್ಲಿ ಕರಿಬೇವು ಎಳೆದುಹಾಕುವಷ್ಟು ಬೆಳೆದಿದ್ದರೂ ಸಂತೆಯಿಂದ ಕರಿಬೇವು ತರುತ್ತಿದ್ದರಂತೆ. ಹೋಗುವಾಗ ಎದುರಿಗೆ ಯಾರಾದರೂ ತೂಕಡಿಸುತ್ತಿದ್ದರೆ ತೊಡೆ ತಟ್ಟಿ, "ಏಳಪ್ಪ, ಮಾವಿನಕೆರೆ ಬಂತು, ನೋಡು," ಎಂದು ಎಬ್ಬಿಸುತ್ತಿದ್ದರು. ಆತ ಮಾವಿನಕೆರೆಯಲ್ಲಿ ಇಳಿಯುವವನೇ ಆಗಬೇಕೆಂದಿರಲಿಲ್ಲ.

ಅಂಥವರು ನಾನು ಸೊಸೆಯಾಗಿ ಬರುವ ಹೊತ್ತಿಗೆ ರೈಲು ಹತ್ತುವುದನ್ನೇ ಬಿಟ್ಟಿದ್ದರು. ಹಾಸನಕ್ಕೆ ಹೋಗಬೇಕಾದರೆ ಬಸ್ಸು. ಬಸ್ಸೆಂದರೆ ಅವರಿಗೆ ವಾಕರಿಕೆ. ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ನನಗೆ ಒಂದೂ ಅರ್ಥವಾಗಲಿಲ್ಲ. ಕೇಳಿದರೆ, "ಕಾಶೀಲಿ ಬುಟ್ಬುಟ್ಟೆ," ಎಂದಿಷ್ಟೇ ಹೇಳಿದರು.

ಉಳಿದದ್ದನ್ನು ಯಜಮಾನರು ಬಿಡಿಸಿ ಹೇಳಿದರು. ಅವರು ಮೈಸೂರಿನಲ್ಲಿ ಕಾಲೇಜು ಓದುವಾಗ ವಿಷಮಶೀತ ಜ್ವರ ಬಂದು, ಆಸೆ ಬಿಡುವಂತಾಗಿತ್ತು. ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕ ಕೂತು ಅತ್ತೆ ಹರಕೆ ಹೊತ್ತರು: ಹುಡುಗ ಬದುಕಿದರೆ ಕಾಶಿಗೆ ಹೋಗುತ್ತೇನೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಗಂಗೆಯಲ್ಲಿ ಬಿಟ್ಟು ಬರುತ್ತೇನೆ. ಹುಡುಗ ಬದುಕಿದ. ಊರಿನ ಒಂದು ಗುಂಪಿನ ಜೊತೆ ಅತ್ತೆ ಕಾಶಿಗೆ ಹೋದರು. ಅಲ್ಲಿ ಒಬ್ಬೊಬ್ಬರೂ ಒಂದೊಂದು ಬಿಟ್ಟರು. ಎದುರು ಮನೆಯ ಪಟೇಲರು ಸೇಬಿನ ಹಣ್ಣು ಬಿಟ್ಟರು. ಅವರ ಹೆಂಡತಿ ಹಾಗಲಕಾಯಿ ಬಿಟ್ಟರು. ಅತ್ತೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ರೈಲು ಬಿಟ್ಟರು.

"ನಮ್ಮೂರ ಸಂತೇಗೆ ಸೇಬು ಬಂದಿದ್ದ ನಾ ಕಾಣೆ," ಎನ್ನುತ್ತಿದ್ದರು ಅತ್ತೆ. "ಬಾಯ್ಗೆ ಸಿಗದ್ನ ಬುಡೋದು ಎಂಥ ಬುಡೋದು?"

ಪಟೇಲರೂ ಬಿಡುವ ಆಸಾಮಿಯಲ್ಲ. "ಅದ್ಸರಿ, ಕಾಶೀಲೇ ರೈಲು ಬುಟ್ಟೆ ಅಂತೀಯಲ್ಲ, ಊರ್ಗೆ ಎಂಗ್ ಬಂದೆ? ನಡ್ಕೊಂಡ್ ಬಂದ್ಯಾ?"

"ಊರು ಮುಟ್ಟೋಗಂಟ ಕಡ ಕೊಡು ತಾಯಿ ಅಂತ ಗಂಗಮ್ಮನ್ನ ಕೇಳ್ಕೊಂಡೆ. ಕೊಟ್ಲು. ನಿಮ್ಮಂಗೆ ಜಿಪುಣಿಯಲ್ಲ ಅವಳು."

ಹೊಳೆನರಸೀಪುರದಲ್ಲಿ ಇಳಿದು, ರೈಲಿನ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ. ಅದೇ ಕೊನೆ.

ಹುಡುಗನನ್ನು ಉಳಿಸಿದ್ದು ಆಗತಾನೆ ಬಂದಿದ್ದ ಹೊಸ ಮಾತ್ರೆ ಎಂಬುದು ಯಜಮಾನರ ವಾದ. ಅತ್ತೆ ಅದನ್ನು ಅಲ್ಲಗಳೆಯುತ್ತಿರಲಿಲ್ಲ. "ಮಾತ್ರೆ ಕೊಟ್ಟಿದ್ದು ಡಾಕುಟ್ರು ಕಣ್ಲಾ. ದಕ್ಕಿಸಿದ್ದು ಯಾರು?" ಎನ್ನುತ್ತಿದ್ದರು. ಮಾತು ತಪ್ಪಿದರೆ, ಕೊಟ್ಟವಳು ಕೊಟ್ಟದ್ದನ್ನು ವಾಪಸು ಕೇಳುತ್ತಾಳೆ. ಇದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ನನಗೋ ಎಲ್ಲವೂ ಗೋಜಲು. ಅತ್ತೆ ಕಂಬಿ ದಾಟುತ್ತಿದ್ದರು, ಅದಕ್ಕೆ ದೋಷವಿಲ್ಲ. ನೆಂಟರು ಬಂದರೆ ಪ್ಲಾಟ್‌ಫಾರಂಗೂ ಬರುತ್ತಿದ್ದರು. ಆದರೆ ಸಾಮಾನು ಇಳಿಸಿಕೊಳ್ಳಲು ಬೋಗಿಯೊಳಕ್ಕೆ ಕೈ ಚಾಚುತ್ತಿರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಈಸ್ಟರಿಗೆ ಮೊದಲಿನ ನಲವತ್ತು ದಿನ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ಒಮ್ಮೆ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದರು:

"ನಲ್ವತ್ತು ದಿನ ಆದ್ಮೇಲೆ?"

"ಹಾಕಿಕೊಳ್ಳುತ್ತಿದ್ದರು."

"ಒಳ್ಳೆ ದ್ಯಾವ್ರು," ಎಂದು ಮತ್ತೆ ಮೊರದತ್ತ ಬಗ್ಗಿದರು. ಹೊಗಳಿದರೋ ಹಂಗಿಸಿದರೋ ಇವತ್ತಿಗೂ ತಿಳಿಯದು.

ನನ್ನನ್ನು ಅವರು ಕರೆಯುತ್ತಿದ್ದುದೇ 'ಕಾನ್ವೆಂಟು' ಎಂದು. "ಏ ಕಾನ್ವೆಂಟು, ಇಂಗ್ಲೀಸು ಬತ್ತದೆ, ಸಾರಿಗೆ ಉಪ್ಪು ಆಕಾದು ಬರಾಕಿಲ್ವಲ್ಲ ನಿಂಗೆ?" ಮಾತಿನಲ್ಲಿ ವಿಷವಿರಲಿಲ್ಲ. ಆದರೂ ಮೂರ್ನಾಲ್ಕು ವರ್ಷವಾದರೂ ನಾನು ಆ ಮನೆಗೆ ನೆಂಟಳೇ, ಸೊಸೆಯಲ್ಲ ಎನಿಸುತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಾಸನದಲ್ಲಿ ಒಂದು ವಸ್ತುಪ್ರದರ್ಶನ ಏರ್ಪಾಡಾಯಿತು. ಆಕಾಶದೆತ್ತರದ ತೊಟ್ಟಿಲು, ಉದ್ದ ಗಿಡ್ಡ ಕಾಣಿಸುವ ಕನ್ನಡಿಗಳು, ಗೊಬ್ಬರದ ಅಂಗಡಿ, ಎಲ್ಲ ಇತ್ತಂತೆ. ಅದೆಲ್ಲಕ್ಕಿಂತ ದೊಡ್ಡ ಸುದ್ದಿ ಒಂದು ರೈಲು ಬೋಗಿಯದು. ಯಾವುದೋ ಕಾಲದಲ್ಲಿ ದೊಡ್ಡವರು ಓಡಾಡುತ್ತಿದ್ದ ಸಲೂನು ಬೋಗಿ, ಒಳಗೆ ಅರಮನೆಯೇ ಇದೆಯಂತೆ, ಮೈದಾನದ ಅಂಚಿನಲ್ಲಿ ಕಂಬಿಯ ಮೇಲೆ ನಿಲ್ಲಿಸಿದ್ದಾರಂತೆ, ಬೇರೆ ಟಿಕೆಟ್ಟು ಕೊಂಡವರನ್ನು ಕೂರಿಸಿಕೊಂಡು ಆ ತುದಿಯ ಹುಣಸೇಮರದವರೆಗೆ ಹೋಗಿ ಬರುತ್ತದಂತೆ. ಸುದ್ದಿ ತಂದವರು ಪಟೇಲರೇ. ಆವತ್ತು ಹಾಲು ಉಕ್ಕಿ ಒಲೆಗೆ ಸುರಿಯುತ್ತಿದ್ದರೂ ಪಕ್ಕದಲ್ಲೇ ನಿಂತಿದ್ದ ಅತ್ತೆಗೆ ಕಾಣಲಿಲ್ಲ.

ಅತ್ತೆಯನ್ನು ಮತ್ತೆ ರೈಲು ಹತ್ತಿಸಲು ಇದೇ ಸಮಯ ಎಂದು ಯಜಮಾನರಿಗೆ ಎನಿಸಿರಬೇಕು. ಮೂವರೂ ಬಸ್ಸಿನಲ್ಲಿ ಹೋದೆವು.

ಬೋಗಿ ನಿಜಕ್ಕೂ ಚೆಂದವಿತ್ತು. ಹಣ್ಣಾದ ನೇರಳೆಯ ಬಣ್ಣ, ಹಿತ್ತಾಳೆಯ ಹಿಡಿಗಳು, ಕಿಟಕಿಗಳ ಮೇಲಂಚಿನಲ್ಲಿ ಹೂಬಳ್ಳಿ ಕೆತ್ತಿದ ಬಣ್ಣದ ಗಾಜು. ಬಾಗಿಲ ಪಕ್ಕ ಏನೋ ಲಾಂಛನವನ್ನು ಕೆರೆದು ಅಳಿಸಿದ ಗುರುತು. ಅರಸರದು ಎಂದರು ಒಬ್ಬರು. ಅಲ್ಲ, ಯಾವನೋ ಬಿಳಿ ಸಾಹೇಬನದು ಎಂದರು ಇನ್ನೊಬ್ಬರು. ಹಿಂದೆ ಒಂದು ಮುದಿ ಎಂಜಿನ್ನು ಉಸ್ಸೆಂದು ಹೊಗೆ ಬಿಡುತ್ತಿತ್ತು. ಒಮ್ಮೆಗೆ ಏಳೆಂಟು ಮಂದಿ ಮಾತ್ರ; ಹೆಂಗಸರ ಸರದಿ ಬೇರೆ, ಗಂಡಸರದು ಬೇರೆ.

ಅತ್ತೆ ದೂರದಲ್ಲೇ ನಿಂತು ನೋಡಿದರು. ಮೊದಲು ಗಾಲಿ, ಆಮೇಲೆ ಕಂಬಿ, ಆಮೇಲೆ ಎಂಜಿನ್ನು.

"ಅತ್ತೆ, ಇದು ರೈಲಲ್ಲ," ಎಂದರು ಯಜಮಾನರು, ಮಕ್ಕಳಿಗೆ ಲೆಕ್ಕ ಬಿಡಿಸುವ ದನಿಯಲ್ಲಿ. "ರೈಲು ಅಂದರೆ ಒಂದೂರಿಂದ ಇನ್ನೊಂದೂರಿಗೆ ಹೋಗೋದು. ಇದು ಎಲ್ಲಿಗೂ ಹೋಗೋದಿಲ್ಲ. ತೊಟ್ಟಿಲು ಇದೆಯಲ್ಲ, ಹಾಗೆ ಇದೂ ಒಂದು ಆಟ."

"ಗಾಲಿ ಐತಲ್ಲ ಮಗ?"

ಟಿಕೆಟ್ಟು ಹರಿಯುತ್ತಿದ್ದವನು ನಡುವೆ ಬಾಯಿ ಹಾಕಿದ. "ಎತ್ತಿನ ಗಾಡಿಗೂ ಐತೆ ಕಣಜ್ಜಿ."

"ಕಂಬಿ ಮ್ಯಾಲೆ ನಿಂತದಲ್ಲಪ್ಪ?"

"ನೀವು ತಲೆಕೆಳಗಾಗಿ ನಿಂತ್ರೂ ಇದು ಮೈಸೂರ್ಗೆ ಓಗಾಕಿಲ್ಲ. ಬೇಗ ಅತ್ತಿ."

"ಅತ್ತಜ್ಜಿ, ಇಲ್ಲ ದಾರಿ ಬುಡು!" ಎಂದಳು ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬಳು. ಸಾಲಿಗೆ ಸಾಲೇ ನಕ್ಕಿತು.

ಅತ್ತೆ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, "ನಿಂತಿರೋಗಂಟ ಅದು ಮನೆ ಇದ್ದಂಗೆ. ನೋಡಾನ ಬಾ," ಎಂದು ನನ್ನನ್ನು ಕರೆದುಕೊಂಡು ಹತ್ತಿದರು.

ಒಳಗೆ ಹಳೆಯ ಮರದ ಎಣ್ಣೆಯ ವಾಸನೆ, ಅದರ ಜೊತೆ ಕಲ್ಲಿದ್ದಲ ವಾಸನೆ. ಹಸಿರು ಮಖಮಲ್ಲಿನ ಕುರ್ಚಿಗಳು, ತೋಳಿನ ಜಾಗದಲ್ಲಿ ಸವೆದು ಬಿಳಚಿಕೊಂಡಿದ್ದವು. ಅತ್ತೆ ಒಂದು ಕುರ್ಚಿಯ ತುದಿಯಲ್ಲಿ ಕೂತರು. ಕಿಟಕಿ ಇಳಿಸುವ ತೊಗಲಿನ ಪಟ್ಟಿಯನ್ನು ಕೈಯ ಹಿಂಬದಿಯಿಂದ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ, ಮುಟ್ಟಿದರು. ಅವರ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ಇನ್ನೇನು ಯಾರನ್ನೋ ತೊಡೆ ತಟ್ಟಿ ಎಬ್ಬಿಸಿಬಿಡುತ್ತಾರೆ ಎನ್ನುವ ಹಾಗಿತ್ತು.

ಹೊರಗೆ ಗಂಟೆ ಬಾರಿಸಿದರು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅವರೆಲ್ಲ ಏನಾರ ಅಂದ್ಕಳ್ಳಿ. ನೀನು ಓದಿದೋಳು, ಅವನ್ನ ಕಟ್ಕಂಡೋಳು. ನೀನು ಯೋಳು. ಇದು ರೈಲೋ, ಅಲ್ವೋ? ಅಲ್ಲ ಅಂದ್ರೆ ಕುಂತ್ಕತೀನಿ."

ಅಲ್ಲ ಎನ್ನುವುದು ಎಷ್ಟು ಸುಲಭವಿತ್ತು! ನನಗೆ ಇಂಥದರಲ್ಲೆಲ್ಲ ನಂಬಿಕೆಯಿಲ್ಲ ಎಂದೇ ನಾನು ತಿಳಿದಿದ್ದೆ. ಅವರು ಕೂರಲಿ ಎಂಬ ಆಸೆ ಅವರಿಗಿಂತ ನನಗೇ ಹೆಚ್ಚಾಗಿತ್ತು. ಬಾಯಿ ತೆರೆದೆ. ಕಿಟಕಿಯಾಚೆ ಯಜಮಾನರು ಕೊಡೆ ಹಿಡಿದು ನಿಂತು, ನಮ್ಮತ್ತ ನೋಡಿ ನಗುತ್ತಿದ್ದರು. ಬಿಸಿಲಿಗೆ ಅವರ ಕುತ್ತಿಗೆಯ ನರ ಮೆಲ್ಲಗೆ ಬಡಿದುಕೊಳ್ಳುತ್ತಿದ್ದುದು ಕಾಣಿಸಿತು. ನಿಜವಾಗಿ ಕಾಣಿಸಿತೋ, ಕಂಡಂತಾಯಿತೋ. 'ಅಲ್ಲ' ಎಂಬ ಆ ಎರಡಕ್ಷರ ನಾಲಿಗೆಗೆ ಬರಲಿಲ್ಲ. ಹೌದು ಎನ್ನಲೂ ಆಗಲಿಲ್ಲ.

ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಮಣಿಕಟ್ಟು ಬಿಟ್ಟರು. ಬೇಸರ ಪಟ್ಟುಕೊಳ್ಳುತ್ತಾರೆಂದು ನಾನು ಹೆದರಿದ್ದರೆ, ಅವರು ಕಿಸಕ್ಕನೆ ನಕ್ಕರು. "ನೀನು ಕುಂತಿರು," ಎಂದು ಹೇಳಿ, ಟಿಕೆಟ್ಟಿನವನು "ಏ ಅಜ್ಜಿ, ಏ!" ಎನ್ನುತ್ತಿದ್ದಂತೆಯೇ ಇಳಿದುಬಿಟ್ಟರು.

ಬೋಗಿ ಚಲಿಸಿತು. ಚಲಿಸಿತು ಎಂದರೆ, ತುಂಬಿದ ಬಸುರಿ ನಡೆದ ಹಾಗೆ. ನೋಡುತ್ತೇನೆ, ಅತ್ತೆ ಕೆಳಗೆ ನನ್ನ ಕಿಟಕಿಯ ಪಕ್ಕದಲ್ಲೇ ನಡೆದು ಬರುತ್ತಿದ್ದಾರೆ! ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಾರೆ. ಅಲ್ಲಿ ಚಪ್ಪಲಿ ತೂಗುತ್ತಿದೆ.

"ಒಳ್ಗೆ ಏನೇನೈತೆ? ಸರ್ಯಾಗಿ ಯೋಳು!"

"ಒಂದು ಪುಟ್ಟ ಮಂಚ ಇದೆ ಅತ್ತೆ."

"ಆಸ್ಗೆ?"

"ಇಲ್ಲ, ಬರೀ ಹಲಗೆ. ಮುಖ ತೊಳೆಯೋ ಬೋಗುಣಿ ಗೋಡೆಗೇ ಮಡಚಿಕೊಳ್ಳುತ್ತೆ. ಒಂದು ಕನ್ನಡಿ ಇದೆ, ಮೂಲೇಲಿ ಒಡೆದಿದೆ."

"ಅಲುಗಾಡ್ತದಾ?"

"ಸ್ವಲ್ಪ."

"ಟಕಟಕ ಅಂತದಾ?"

ಕೇಳಿಸಿಕೊಂಡೆ. ಗಾಲಿಯಡಿಯಿಂದ ನಿಧಾನವಾಗಿ, ಬಿಡಿಬಿಡಿಯಾಗಿ ಆ ಸದ್ದು ಬರುತ್ತಿತ್ತು. "ಅನ್ನುತ್ತೆ ಅತ್ತೆ," ಎಂದೆ. ಅವರು ತಲೆದೂಗುತ್ತಾ ಆ ಸದ್ದಿಗೆ ಹೆಜ್ಜೆ ಕೂಡಿಸಿಕೊಂಡರು.

ನೆಲ ಏರುಪೇರಾಗಿದ್ದ ಕಡೆ ಅವರ ಕಾಲು ಸ್ವಲ್ಪ ಜಾರಿತು. ನಾನು ಗಾಬರಿಯಿಂದ ಕಿಟಕಿಯಾಚೆ ಕೈ ಚಾಚಿದೆ. ಅವರು ಕೈಯನ್ನು ನೋಡಿದರು, ನನ್ನನ್ನು ನೋಡಿದರು, ಅರ್ಧ ಮಾರು ಆಚೆ ಸರಿದರು.

"ಬ್ಯಾಡ ಕಣವ್ವ. ನೀನೀಗ ರೈಲ್ನಲ್ಲಿದ್ದೀಯ."

ಹುಣಸೇಮರದವರೆಗೆ ನಡೆದರು. ಬೋಗಿ ಹಿಂದಕ್ಕೆ ಹೊರಟಾಗ ಅವರೂ ತಿರುಗಿ ನಡೆದರು. ಇಳಿದ ಮೇಲೆ ಯಜಮಾನರು, "ಅಷ್ಟು ದೂರ ನಡೆಯೋದಕ್ಕೆ ಟಿಕೆಟ್ಟು ಬೇರೆ!" ಎಂದು ಸಿಡುಕಿದರು. ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಸುಮ್ಕಿರ್ಲಾ ಮೇಷ್ಟ್ರೆ. ನಿನ್ನ ಎಂಡ್ರು ನಿನ್ನಂಗೆ ಪೆದ್ದಿಯಲ್ಲ," ಎಂದರು. ಯಜಮಾನರಿಗೆ ತಲೆಬುಡ ತಿಳಿಯಲಿಲ್ಲ. ನನಗೂ ತಿಳಿದಿತ್ತು ಎನ್ನಲಾರೆ.

ಊರಿಗೆ ಬಂದ ಮೇಲೆ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಆ ಬೋಗಿಯನ್ನು ಬಣ್ಣಿಸಿದರು: ಮಡಚುವ ಬೋಗುಣಿ, ಒಡೆದ ಕನ್ನಡಿ, ಹಲಗೆಯ ಮಂಚ. ಪಟೇಲರು ಕಣ್ಣು ಚಿಕ್ಕದು ಮಾಡಿ ಕೇಳಿದರು: "ಅಂಗಾರೆ ಅತ್ತಿದ್ದೆ ಅನ್ನು?"

"ನಮ್ಮ ಸೊಸೆ ಅತ್ತಿದ್ಲು. ನಾನು ಜೊತೇಲಿ ಓಗಿದ್ದೆ."

ಅವರ ಬಾಯಲ್ಲಿ ಸೊಸೆ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ 'ಕಾನ್ವೆಂಟು' ಎಂದು ಕರೆದ ನೆನಪಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಎದ್ದು ಹಾಕಿಕೊಳ್ಳುತ್ತಿದ್ದರು.

ಒಮ್ಮೆ ಅವರೆಕಾಯಿ ಸುಲಿಯುವಾಗ ಧೈರ್ಯ ಮಾಡಿ ಕೇಳಿದೆ: "ಅತ್ತೆ, ಆವತ್ತು ನಾನು ಅಲ್ಲ ಅಂದಿದ್ದರೆ ನಿಜವಾಗಿ ಕೂರುತ್ತಿದ್ದಿರಾ?"

"ಅನ್ನಕ್ಕಾಗ್ನಿಲ್ವಲ್ಲ ನಿಂಗೆ," ಎಂದರು. ಕಾಳೊಂದನ್ನು ಬೆರಳಲ್ಲಿ ಹಿಸುಕಿ ಹೊರತೆಗೆದು, "ನಾನು ಓಗ್ಬುಟ್ಮೇಲೆ ಅವನ್ನ ಕಾಯೋರು ಒಬ್ರು ಬೇಕಿತ್ತು ಕಣವ್ವ. ಸಿಕ್ರು," ಎಂದರು.

ಆ ಮಾತನ್ನು ಎಷ್ಟು ಸಲ ತಿರುವಿಹಾಕಿದ್ದೇನೋ. ನನಗೆ ನಂಬಿಕೆ ಇತ್ತೆಂದು ಅವರು ತಿಳಿದರು. ಇತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದವಳ ಕೈಗೆ ಅವರು ತಮ್ಮ ಹುಡುಗನನ್ನು ಒಪ್ಪಿಸಿ ನಿಶ್ಚಿಂತರಾದರು.

ಆ ದಶಕ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಅರಿಸಿನದ ನೀರಿನಲ್ಲಿ ಮುಖ ತೊಳೆಯುವಾಗ ಕಣ್ಣಿನ ಕೆಳಗಿನ ಆ ಚುಕ್ಕೆಯ ಮೇಲೆ ನನ್ನ ಬೆರಳು ನಿಂತುಬಿಟ್ಟಿತು. ಗಂಗೆಯಲ್ಲಿ ಮುಳುಗಿದಾಗಲೂ ಇದೊಂದು ಅವರ ಜೊತೆಗೇ ಉಳಿದಿತ್ತಲ್ಲ ಎನಿಸಿತು. ಗದ್ದೆಯ ಮೇಲ್ಭಾಗದಲ್ಲಿ, ಕಂಬಿಗೆ ಹತ್ತಿರದಲ್ಲೇ ಮಣ್ಣು ಮಾಡಿದೆವು.

ಈಗ ಮೈಸೂರಿಗೆ ಹೋಗುವಾಗಲೆಲ್ಲ ಯಜಮಾನರಿಗೆ ರೈಲೇ ಆಗಬೇಕು. ಕೂತ ತಕ್ಷಣ ನಿದ್ದೆ ಹೋಗುತ್ತಾರೆ. ಆ ಗದ್ದೆ ಹತ್ತಿರ ಬಂದಾಗ ಅವರು ಎದುರು ಸೀಟಿನಲ್ಲಿ ಬಾಯಿ ತೆರೆದುಕೊಂಡು, ಸದ್ದು ಮಾಡುತ್ತಾ, ಆರೋಗ್ಯವಾಗಿ ಉಸಿರಾಡುತ್ತಿರುತ್ತಾರೆ. ತೊಡೆ ತಟ್ಟಿ ಎಬ್ಬಿಸೋಣ ಎನಿಸುತ್ತದೆ, ಎಬ್ಬಿಸುವುದಿಲ್ಲ. ಆ ಉಸಿರಿಗಾಗಿ ಯಾರಿಗೆ ಕೈ ಮುಗಿಯಬೇಕು, ಮಾತ್ರೆಗೋ, ಗಂಗೆಗೋ, ಅತ್ತೆಗೋ, ಅದೂ ನನಗೆ ಬಗೆಹರಿದಿಲ್ಲ. ಕೈ ಮಾತ್ರ ತಾನಾಗಿ ಕಿಟಕಿಯಾಚೆ ಹೋಗಿರುತ್ತದೆ, ಅಷ್ಟು ಹೊತ್ತು, ಗದ್ದೆ ದಾಟುವವರೆಗೆ.