ಬಸೀಲಿಯಾ ಬೆಟ್ಟಕ್ಕೆ ಸಾಮಾನು ಹೊಂದಿಸಿದ್ದು

ಎಲ್ ಆಲ್ತೊದ ಸಂತೆಬೀದಿಯಲ್ಲಿ ಬಸೀಲಿಯಾ ಕಾಲಿಸಾಯಾಳ ಆಪಿ ಕುಡಿಯದೆ ಕೆಲಸಕ್ಕೆ ಹೋಗುವವನು ಯಾರಾದರೂ ಇದ್ದರೆ ಅವನು ಆ ಊರಿಗೆ ಹೊಸಬನೇ ಇರಬೇಕು. ಕಪ್ಪು ಮೆಕ್ಕೆಜೋಳಕ್ಕೆ ಚಕ್ಕೆ ಲವಂಗ ಹಾಕಿ ಕುದಿಸಿದ ಆ ನೇರಳೆ ಗಂಜಿ ಬಿಸಿಬಿಸಿಯಾಗಿ ಒಳಗೆ ಇಳಿದ ಮೇಲೆಯೇ ಬಸ್ಸಿನವರ ಕೈಕಾಲು ಆಡುತ್ತಿತ್ತು, ಪೊಲೀಸರ ಕಣ್ಣು ತೆರೆಯುತ್ತಿತ್ತು.

ಅಂಗಡಿ ಅಂದರೆ ಒಂದು ಮೇಜು, ಎರಡು ಬೆಂಚು, ಮೇಲೊಂದು ನೀಲಿ ತಾಡಪಾಲು. ಎದುರಿಗೆ ವೈನಾ ಪೊಟೋಸಿ. ಗಂಡ ಸತ್ತ ವರ್ಷ ಅವಳು ಇಲ್ಲಿ ಒಲೆ ಹೂಡಿದಾಗಲೂ ಆ ಹಿಮದ ಬೆಟ್ಟ ಎದುರಿಗಿತ್ತು, ಆಪಿ ಮಾರಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಾಗಲೂ ಎದುರಿಗಿತ್ತು. ಬೆಟ್ಟ ಹತ್ತಲು ಬಂದ ಪರದೇಶದವರು ಅವಳ ಬೆಂಚಿನ ಮೇಲೆ ಕೂತು ಕುಡಿದು ಹೋಗುವರು. ಎರಡು ದಿನ ಬಿಟ್ಟು ಮೂಗಿನ ಸಿಪ್ಪೆ ಸುಲಿದುಕೊಂಡು ವಾಪಸ್ ಬಂದು, ಮೇಲೆ ಏನು ಕಂಡಿರಿ ಅಂದರೆ ಹೇಳಲು ಬಾರದೆ ಸುಮ್ಮನೆ ನಗುವರು. ಆ ನಗು ನೋಡಿ ನೋಡಿ ಬಸೀಲಿಯಾಳಿಗೆ ಹೊಟ್ಟೆಕಿಚ್ಚು ಬಂದುಬಿಟ್ಟಿತ್ತು. ಬೆಟ್ಟವನ್ನು ದಿನಾ ನೋಡುವವಳು ತಾನು, ನಗುವವರು ಮಾತ್ರ ಇವರು ಅನ್ನುವುದು ಅವಳ ತಕರಾರು.

ಅಕ್ಕನ ಮಗ ನಿಕಾನೋರ್ ಬೆಟ್ಟಕ್ಕೆ ಜನರನ್ನು ಕರೆದುಕೊಂಡು ಹೋಗುವ ಕೆಲಸದವನು. ನನ್ನನ್ನೂ ಕರಕೊಂಡು ಹೋಗೋ ಅಂತ ಅವಳು ಅವನ ಜೀವ ತಿಂದಳು. ತಪ್ಪಿಸಿಕೊಳ್ಳಲು ಅವನೊಂದು ಉಪಾಯ ಮಾಡಿದ. ಜೂನಿನಲ್ಲಿ ಸಾನ್ ಹುವಾನ್ ಹಬ್ಬದ ಹೊತ್ತಿಗೆ ತನ್ನದೇ ಒಂದು ಸಣ್ಣ ತಂಡ ಹೊರಡುತ್ತದೆ, ಎಲ್ಲರೂ ಸೊಂಟಕ್ಕೆ ಕಟ್ಟಿಕೊಂಡು ಹತ್ತುವ ಹಗ್ಗದಲ್ಲಿ ಇನ್ನೊಬ್ಬರಿಗೆ ಜಾಗ ಇದೆ, ಆದರೆ ಮೈಮೇಲಿನ ಸಾಮಾನೆಲ್ಲ ಚಿಕ್ಕಮ್ಮನೇ ಹೊಂದಿಸಿಕೊಳ್ಳಬೇಕು ಅಂದ. ಆಪಿ ಮಾರುವವಳು ಅದನ್ನೆಲ್ಲ ಎಲ್ಲಿಂದ ತರುತ್ತಾಳೆ ಅನ್ನುವುದು ಅವನ ಧೈರ್ಯ. ಚಿಕ್ಕಮ್ಮನನ್ನು ಅವನು ಅಷ್ಟೇ ಅರ್ಥ ಮಾಡಿಕೊಂಡಿದ್ದ, ಪಾಪ.

ಮೊದಲು ಬಂದದ್ದು ಕ್ರಿಸ್‌ಮಸ್. ಉಡುಗೊರೆ ಬರುವ ಕಾಲ ಅಂತ ಬಸೀಲಿಯಾ ಸೂಚ್ಯವಾಗಿ ಮಾತು ಬಿಟ್ಟಳು. ಈ ವರ್ಷ ಯಾಕೋ ಕಾಲು ಬಹಳ ತಣ್ಣಗಾಗುತ್ತದೆ, ಬೂಟು ಗೀಟು ಹಾಕಿದರೆ ವಾಸಿ ಅಂತ ಎಲ್ಲರ ಕಿವಿಗೂ ಬೀಳುವ ಹಾಗೆ ನರಳಿದಳು. ಹಬ್ಬದ ದಿನ ಹಿರಿಮಗಳಿಂದ ಉಣ್ಣೆ ಕಾಲುಚೀಲ ಬಂತು. ಕಿರಿಮಗಳಿಂದಲೂ ಉಣ್ಣೆ ಕಾಲುಚೀಲ. ಪಕ್ಕದಲ್ಲಿ ಆಲೂಗಡ್ಡೆ ಮಾರುವ ತೊರೀಬಿಯಾ ಕೂಡ ಕಾಗದ ಸುತ್ತಿ ರಿಬ್ಬನ್ ಕಟ್ಟಿ ಕಾಲುಚೀಲವನ್ನೇ ಕೊಟ್ಟಳು. ಬಾಯಿ ತುಂಬ ನಗುತ್ತಾ ತೆಗೆದುಕೊಂಡು, ಮನೆಗೆ ಹೋಗಿ ಬಸೀಲಿಯಾ ಅವನ್ನೆಲ್ಲ ಮೂಲೆಗೆ ಎಸೆದಳು.

ಇನ್ನು ಸೂಚನೆ ಸಾಕು, ಬಾಯಿಬಿಟ್ಟೇ ಕೇಳಬೇಕು ಅಂತ ತೀರ್ಮಾನಿಸಿದಳು. ಜನವರಿಯಲ್ಲಿ ಹಬ್ಬಕ್ಕೆ ಏನು ಬೇಕು ಅಂತ ತೊರೀಬಿಯಾ ಕೇಳಿದ್ದೇ ತಡ, ಹಿಮ ಕೊಚ್ಚುವ ಕೊಡಲಿ ಬೇಕು ಅಂದಳು. ಹಿರಿಮಗಳಿಗೆ ಹೆಲ್ಮೆಟ್ಟು ಅಂದಳು, ಕಿರಿಮಗಳಿಗೆ ಒಳಗೆ ತೂರಿಕೊಂಡು ಮಲಗುವ ಚೀಲ ಅಂದಳು, ಬ್ರೆಡ್ಡಿನವನಿಗೆ ಬೂಟಿನಡಿ ಕಟ್ಟುವ ಕಬ್ಬಿಣದ ಹಲ್ಲು ಅಂದಳು. ಬೂಟನ್ನು ಮಾತ್ರ ಚಪ್ಪಲಿ ಹೊಲಿಯುವ ದೋನ್ ಮೆಲಿತೋನನಿಗೆ ಮೀಸಲಿಟ್ಟಳು. ಹೆಂಡತಿ ತೀರಿಕೊಂಡ ಮೇಲೆ ಅವನು ದಿನಾ ಎರಡು ಲೋಟ ಆಪಿ ಕುಡಿಯುತ್ತಿದ್ದ, ಎರಡು ಮಾತೂ ಆಡುತ್ತಿರಲಿಲ್ಲ. ಅವನ ಅಂಗಡಿಯ ಮೇಲಿನ ಹಲಗೆಯಲ್ಲಿ ಬೆಟ್ಟ ಹತ್ತುವ ಒಂದು ಜೊತೆ ಬೂಟು ಎಷ್ಟೋ ವರ್ಷದಿಂದ ಧೂಳು ತಿನ್ನುತ್ತಿರುವುದು ಅವಳಿಗೆ ಗೊತ್ತಿತ್ತು. ಅವಳು ಬೂಟು ಅಂದಳು, ಅವನು ತಲೆಯಾಡಿಸಿದ.

ಅವಳು ಮರೆತದ್ದು ಒಂದೇ. ಬರುತ್ತಿದ್ದದ್ದು ಅಲಸಿತಾ ಹಬ್ಬ. ಆ ವಾರದಲ್ಲಿ ಏನಾದರೂ ಬೇಕು ಅಂದರೆ ಏನರ್ಥ ಅಂತ ಹಾಲು ಕುಡಿಯುವ ಕೂಸಿಗೂ ಗೊತ್ತು. ಮನೆ ಬೇಕಾದವನಿಗೆ ಬೆಂಕಿಪೊಟ್ಟಣದಷ್ಟು ಮನೆ, ಲಾರಿ ಬೇಕಾದವನಿಗೆ ಅಂಗೈಯಷ್ಟು ಲಾರಿ. ಬೇರೆಯವರ ಕೈಯಿಂದ ಬಂದ ಪುಟ್ಟ ಸಾಮಾನಿಗೆ ನಡುಮಧ್ಯಾಹ್ನ ಧೂಪ ಹಾಕಿಸಿದರೆ ವರ್ಷದೊಳಗೆ ನಿಜವಾದದ್ದು ಬರುತ್ತದೆ. ತನ್ನ ಆಸೆಯ ಭರದಲ್ಲಿ ಬಸೀಲಿಯಾಳಿಗೆ ಹಬ್ಬ ಯಾವುದು ಅನ್ನುವುದೇ ತಲೆಯಿಂದ ಹಾರಿಹೋಗಿತ್ತು.

ಮಧ್ಯಾಹ್ನ ಧೂಪದ ಹೊಗೆಯ ನಡುವೆ ಮೇಜಿನ ಮೇಲೆ ಒಂದೊಂದೇ ಬಂದು ಕೂತವು. ಹಲ್ಲುಕಡ್ಡಿಯಷ್ಟು ಕೊಡಲಿ. ಅರ್ಧ ನಿಂಬೆಹಣ್ಣಿನ ಸಿಪ್ಪೆಯಷ್ಟು ಹೆಲ್ಮೆಟ್ಟು. ಬಟಾಣಿ ಸಿಪ್ಪೆಯಷ್ಟು ಮಲಗುವ ಚೀಲ. ಕಬ್ಬಿಣದ ಹಲ್ಲುಗಳಂತೂ ಇರುವೆಗೆ ತೊಡಿಸುವ ಹಾಗಿದ್ದವು. ಕೊನೆಗೆ ದೋನ್ ಮೆಲಿತೋನ್ ಬಂದು, ಕಾಗದ ಬಿಚ್ಚಿ, ಒಂದು ಮಣ್ಣಿನ ಹುಂಜವನ್ನು ಇಟ್ಟು ಹೊರಟುಹೋದ.

ಅಲಸಿತಾದಲ್ಲಿ ಒಂಟಿ ಹೆಂಗಸಿಗೆ ಹುಂಜ ಕೊಟ್ಟರೆ ಅವಳಿಗೊಬ್ಬ ಗಂಡು ಸಿಗಲಿ ಅಂತ ಅರ್ಥ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಕಾನೋರ್ ಕೂಡ ಅಲ್ಲೇ ಇದ್ದ.

"ಚಿಕ್ಕಮ್ಮ, ಸಾಮಾನು ಪೂರ್ತಿ ಆಯ್ತಲ್ಲ. ಹುಂಜಾನೇ ಕಳಿಸಿಬಿಡು ಬೆಟ್ಟಕ್ಕೆ," ಅಂದ.

ಬಸೀಲಿಯಾಳ ಮುಖ ಆಪಿಯ ಬಣ್ಣಕ್ಕೆ ತಿರುಗಿತು. ಬೂಟು ಕೇಳಿದರೆ ತನ್ನ ವಯಸ್ಸನ್ನು ಆಡಿಕೊಂಡು ನಗುವ ಹಾಗೆ ಮಾಡಿದನಲ್ಲ ಅಂತ ಮೆಲಿತೋನನ ಮೇಲೆ ಕೆಂಡದಂಥ ಕೋಪ. ಮಾರನೆಯ ದಿನದಿಂದ ಅವನ ಲೋಟಕ್ಕೆ ಆಪಿ ಒಂದು ಬೆರಳು ಕಡಿಮೆ ಬೀಳತೊಡಗಿತು. ಅವನು ಅದನ್ನು ನೋಡಿದ, ಕುಡಿದ, ಲೋಟ ಮೇಜಿನ ಮೇಲಿಟ್ಟು ಹೋದ.

ಆದರೆ ಸೋತು ಕೂರುವ ಹೆಂಗಸಲ್ಲ ಅವಳು. ಒಂದು ಬೆಳಿಗ್ಗೆ ತೊರೀಬಿಯಾಳ ಬುಟ್ಟಿಯ ಮುಂದೆ ನಿಂತು, ಬೋಣಿಗೆ ಬಂದ ಗಿರಾಕಿಗಳೆಲ್ಲ ಕೇಳುವ ಹಾಗೆ ಮಾತು ತೆಗೆದಳು.

"ಏನೇ ಗೆಳತಿ, ನೀನು ಕೊಟ್ಟ ಕೊಡಲಿ ಇನ್ನೂ ಬೆಳೆದಿಲ್ಲ. ನಿನ್ನ ಕೈಗುಣ ಮೊದಲು ಹಿಂಗಿರಲಿಲ್ಲ ಬಿಡು."

ಒಬ್ಬ ಗಿರಾಕಿ ಎತ್ತಿಕೊಂಡಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟ. ತೊರೀಬಿಯಾ ಆ ಆಲೂಗಡ್ಡೆಯನ್ನೂ ಗಿರಾಕಿಯನ್ನೂ ನೋಡಿದಳು. ಕೈಗುಣ ಕೆಟ್ಟಿದೆ ಅಂತ ಒಮ್ಮೆ ಹೆಸರು ಬಿದ್ದರೆ ಆ ಬೀದಿಯಲ್ಲಿ ಅವಳ ಹತ್ತಿರ ಯಾರು ಬೋಣಿ ಮಾಡುತ್ತಾರೆ? ಆ ವಾರವೇ ತಮ್ಮನ ಹೆಂಡತಿಯ ಅಣ್ಣನನ್ನು ಕಾಡಿ, ಅವನ ಗೆಳೆಯನಿಂದ ನಿಜವಾದ ಹಿಮದ ಕೊಡಲಿಯನ್ನು ಕಡ ತಂದು ಬಸೀಲಿಯಾಳ ಮೇಜಿನ ಮೇಲೆ ಸದ್ದು ಮಾಡಿ ಇಟ್ಟಳು. ಬೀದಿಯ ಎರಡೂ ಕೊನೆಗೆ ಕೇಳಿಸಬೇಕಾದ ಸದ್ದು ಅದು.

ದಾರಿ ಸಿಕ್ಕಿತಲ್ಲ, ಬಸೀಲಿಯಾ ಯಾರನ್ನೂ ಬಿಡಲಿಲ್ಲ. ಕಾರ್ನಿವಲ್‌ನಲ್ಲಿ ಕುಣಿಯುತ್ತಿದ್ದ ಬ್ರೆಡ್ಡಿನವನನ್ನು ಕುಣಿತದ ನಡುವೆಯೇ ಹಿಡಿದು ವಿಚಾರಿಸಿಕೊಂಡಳು. ತಾಯಂದಿರ ದಿನಕ್ಕೆ ಬಂದ ಮಕ್ಕಳಿಗೆ ಹೂವು ಬೇಡ, ಕೊಟ್ಟದ್ದನ್ನು ಬೆಳೆಸಿ ಅಂದಳು. ಹಿರಿಮಗಳ ಗಂಡ ಗಣಿಯಲ್ಲಿ ಕೆಲಸ ಮಾಡುವ ಗೆಳೆಯನಿಂದ ದೀಪವಿರುವ ಹೆಲ್ಮೆಟ್ಟು ತಂದ. ಕಿರಿಮಗಳು ಸೈನ್ಯದಲ್ಲಿದ್ದವರೊಬ್ಬರಿಂದ ಮಲಗುವ ಚೀಲ ತಂದಳು, ಅದರೊಳಗಿನ ವಾಸನೆಗೆ ಶತ್ರುಗಳೇ ಓಡಿಹೋಗಬೇಕು. ಕಬ್ಬಿಣದ ಹಲ್ಲೂ ಬಂತು.

ಹೊರಡುವ ವಾರ ನಿಕಾನೋರ್ ಸಾಮಾನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಅವಳ ಕಾಲು ನೋಡಿದ. ಕಾಲಲ್ಲಿ ಬಟ್ಟೆಯ ಶೂ ಇತ್ತು. ಇದನ್ನು ಹಾಕಿಕೊಂಡು ಬಂದರೆ ಕಾಲ್ಬೆರಳು ಮೇಲೇ ಉಳಿಯುತ್ತವೆ, ಬೂಟಿಲ್ಲದೆ ನಾನಂತೂ ಕರೆದುಕೊಂಡು ಹೋಗುವುದಿಲ್ಲ ಅಂದ. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

ಬೂಟಿಗಾಗಿ ಯಾರ ಕೊರಳಪಟ್ಟಿ ಹಿಡಿಯುವುದು? ಪುಟ್ಟ ಬೂಟು ಕೊಟ್ಟವರೇ ಇಲ್ಲ. ತನ್ನ ಕಾನೂನಿಗೆ ತಾನೇ ಸಿಕ್ಕಿಬಿದ್ದಿದ್ದಳು. ಅಷ್ಟು ತಿಂಗಳು ಬೀದಿಯನ್ನೇ ಕುಣಿಸಿ ಈಗ ಬೂಟಿಗಾಗಿ ಬೆಟ್ಟ ತಪ್ಪುತ್ತದಲ್ಲ ಅಂತ ಅವಳಿಗೆ ಅಳು ಬಂತು. ಅಳು ನುಂಗಿಕೊಂಡು ಮೆಲಿತೋನನ ಅಂಗಡಿಗೆ ಹೋದಳು.

"ದೋನ್ ಮೆಲಿತೋನ್, ಮೇಲಿರೋ ಆ ಬೂಟು ಯಾರದ್ದು?"

"ಬೆಟ್ಟ ಹತ್ತೋನೊಬ್ಬನದ್ದು. ಅಡಿ ಹೊಲಿಯೋಕೆ ಕೊಟ್ಟ, ಬೇರೆ ಜೊತೆ ಹಾಕ್ಕೊಂಡು ಮೇಲಕ್ಕೆ ಹೋದ. ಆಮೇಲೆ ಬರಲೇ ಇಲ್ಲ."

"ಹಬ್ಬಕ್ಕೆ ನಾನು ಕೇಳಿದ್ದು ಬೂಟು. ನೀವು ಬೀದಿ ಎದುರಿಗೆ ನನ್ನ ಮಾನ ಕಳೆದ್ರಿ."

ಮೆಲಿತೋನ್ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದಿಟ್ಟ. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

"ನಗೋಕೆ ಕೊಟ್ಟಿದ್ದಲ್ಲ ದೋನ್ಯಾ ಬಸೀಲಿಯಾ. ನನ್ನ ಕೈಗುಣ ಬಹಳ ಗಟ್ಟಿ. ತಮ್ಮನಿಗೆ ಪುಟ್ಟ ಲಾರಿ ಕೊಟ್ಟೆ, ಲಾರಿ ಬಂತು. ತಂಗಿಗೆ ಪುಟ್ಟ ವಿಮಾನ ಕೊಟ್ಟೆ, ಸ್ಪೇನಿಗೆ ಹೋದೋಳು ಇನ್ನೂ ಬಂದಿಲ್ಲ. ನಿಮಗೆ ಬೂಟು ಕೊಟ್ಟಿದ್ರೆ ನೀವು ಹೋಗೇಬಿಡ್ತಿದ್ರಿ."

"ಮತ್ತೆ ಹುಂಜ?"

"ಅದನ್ನೂ ಇದೇ ಕೈಯಲ್ಲೇ ಕೊಟ್ಟಿದ್ದು," ಅಂದು ಅವನು ಮೊಳೆಗಳ ಕಡೆ ನೋಡಿದ.

ಬೀದಿಯಲ್ಲಿ ಯಾರ ಮಾತಿಗೂ ಬಾಕಿ ಉಳಿಸಿಕೊಳ್ಳದ ಬಸೀಲಿಯಾ ತಲೆಯ ಟೋಪಿಯನ್ನು ಸರಿಮಾಡಿಕೊಂಡಳು. ಮೆಲಿತೋನ್ ಎದ್ದು ಬೂಟು ಇಳಿಸಿ, ಧೂಳು ಒರೆಸಿ, ಅವಳ ಮುಂದಿಟ್ಟ.

"ಇದು ಉಡುಗೊರೆ ಅಲ್ಲ, ಕಡ. ಉಡುಗೊರೆ ತಗೊಂಡೋರು ಎಲ್ಲಿಗೆ ಬೇಕಾದರೂ ಹೋಗಬಹುದು. ಕಡ ತಗೊಂಡೋರು ವಾಪಸ್ ಬರಲೇಬೇಕು."

"ಅವನು ಬಂದು ಬೂಟು ಕೇಳಿದ್ರೆ?"

"ಬೆಟ್ಟದ ಮೇಲಿದೆ, ಹತ್ತಿ ತಗೋ ಅಂತೀನಿ."

ಬೂಟು ಅವಳ ಕಾಲಿಗೆ ದೋಣಿಯಷ್ಟು ದೊಡ್ಡದಿತ್ತು. ಮೂಲೆಗೆ ಎಸೆದಿದ್ದ ಕ್ರಿಸ್‌ಮಸ್ ಕಾಲುಚೀಲಗಳನ್ನೆಲ್ಲ ಒಂದರ ಮೇಲೊಂದು ಹಾಕಿದಾಗ ಸರಿಹೋಯಿತು. ಕಡ ತಂದ ಪ್ಯಾಂಟಿನ ಮೇಲೆ ತನ್ನ ನೆರಿಗೆಯ ಲಂಗವನ್ನೇ ಉಟ್ಟಳು, ಅದನ್ನು ಬಿಡು ಅಂದರೆ ಜಪ್ಪಯ್ಯ ಅನ್ನಲಿಲ್ಲ. ತಲೆಯ ಟೋಪಿಯನ್ನು ಚೀಲದಲ್ಲಿಟ್ಟು ಗಣಿಯವನ ಹೆಲ್ಮೆಟ್ಟು ಕಟ್ಟಿಕೊಂಡಳು. ಆಪಿ ಅಂಗಡಿಯನ್ನು ತೊರೀಬಿಯಾ ನೋಡಿಕೊಂಡಳು.

ಹಿಮದ ಕಡಿದಾದ ಏರಿನಲ್ಲಿ ಏದುಸಿರು ಬಿಡುತ್ತಾ, ಈ ಬೂಟಿನ ಯಜಮಾನ ಸತ್ತದ್ದು ಎಲ್ಲಿ ಅಂತ ಅವಳು ಕೇಳಿದಳು. ನಿಕಾನೋರನಿಗೆ ಆ ಮನುಷ್ಯ ನೆನಪಿದ್ದ. ಸತ್ತದ್ದೂ ಇಲ್ಲ ಗಿತ್ತದ್ದೂ ಇಲ್ಲ, ಹತ್ತುವ ಮೊದಲೇ ಕೆಳಗಿನ ಗುಡಿಸಲಲ್ಲಿ ಹೊಟ್ಟೆ ಕೆಟ್ಟು, ಮರುದಿನವೇ ವಿಮಾನ ಹಿಡಿದು ಊರಿಗೆ ಓಡಿದ್ದ. ಬಸೀಲಿಯಾಳಿಗೆ ನಗು ತಡೆಯಲಾಗಲಿಲ್ಲ. ಉಸಿರಿಗೇ ಗಾಳಿ ಸಾಲದ ಜಾಗದಲ್ಲಿ ಅವಳು ನಗುತ್ತಾ ಕೂತುಬಿಟ್ಟಿದ್ದರಿಂದ ಇಡೀ ಹಗ್ಗ ನಿಂತು ಕಾಯಬೇಕಾಯಿತು.

ಬಿಸಿಲು ಮೂಡುವಾಗ ತುದಿಯಲ್ಲಿದ್ದಳು. ಹೆಲ್ಮೆಟ್ಟು ತೆಗೆದು ಟೋಪಿ ಇಟ್ಟುಕೊಂಡಳು. ಅವಳಿಗೆ ಬಹಳ ಸಂತೋಷವಾಗಿತ್ತು, ಬೇರೇನೂ ಆಗಿರಲಿಲ್ಲ. ಅಷ್ಟು ದೂರದ ಎಲ್ ಆಲ್ತೊದಲ್ಲಿ ತನ್ನ ನೀಲಿ ತಾಡಪಾಲನ್ನು ಹುಡುಕಿದಳು, ಕಾಣಲಿಲ್ಲ. ಈ ಹೊತ್ತಿಗೆ ಮೆಲಿತೋನ್ ಎರಡನೆಯ ಲೋಟ ಕುಡಿಯುತ್ತಿರಬೇಕು, ತೊರೀಬಿಯಾ ಅವನಿಗೆ ತುಂಬಿಸಿ ಕೊಟ್ಟಳೋ ಇಲ್ಲವೋ ಅಂತ ಯೋಚನೆ ಬಂತು. ತಾನು ಹಾಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಮೂಗಿನ ಸಿಪ್ಪೆ ಸುಲಿದುಕೊಂಡು ಬಂದು ತನ್ನದೇ ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂತಳು. ಏನು ಕಂಡೆ ಹೇಳು ಅಂತ ಬೀದಿಯೆಲ್ಲ ಮುತ್ತಿಕೊಂಡಿತು. ಅವಳು ಸುಮ್ಮನೆ ನಕ್ಕಳು. ತೊರೀಬಿಯಾಳಿಗೆ ಆ ನಗು ನೋಡಿ ಮೈಯೆಲ್ಲ ಉರಿಯಿತು.

ಕೊಡಲಿ, ಹೆಲ್ಮೆಟ್ಟು, ಚೀಲ, ಹಲ್ಲು ಎಲ್ಲವೂ ಆ ವಾರದಲ್ಲೇ ಒಂದೊಂದು ಲೋಟ ಬಿಸಿ ಆಪಿಯ ಜೊತೆ ಅವರವರ ಮನೆ ಸೇರಿದವು. ಬೂಟು ಮಾತ್ರ ಇನ್ನೂ ಅವಳ ಮಂಚದ ಕೆಳಗಿದೆ. ಮೇಜಿನ ಮೇಲೆ ಆಪಿಯ ಪಾತ್ರೆಯ ಪಕ್ಕದಲ್ಲಿ ಮಣ್ಣಿನ ಹುಂಜ ನಿಂತಿದೆ. ದಿನಾ ಸಂಜೆ ಪಾತ್ರೆ ತೊಳೆದಿಟ್ಟು ಅವಳು ಚಪ್ಪಲಿ ಅಂಗಡಿಗೆ ಹೋಗುತ್ತಾಳೆ, ಅಂಚಿನವರೆಗೆ ತುಂಬಿದ ಲೋಟವನ್ನು ಅವನ ಮುಂದಿಡುತ್ತಾಳೆ, ಸ್ಟೂಲು ಎಳೆದುಕೊಂಡು ಕೂರುತ್ತಾಳೆ.

"ನಿಮ್ಮ ಬೂಟು ನಾಳೆ ತರ್ತೀನಿ ದೋನ್ ಮೆಲಿತೋನ್."

"ಅವಸರ ಏನಿಲ್ಲ," ಅನ್ನುತ್ತಾನೆ ಅವನು.